ಗಂಟಲಿನ ಪೈಪು

ವೆಲ್ಡನ್ ಜೋಳದ ಮುದ್ದೆಯನ್ನು ಹಾಲಿನಲ್ಲಿ ಅದ್ದಿ ತಿನ್ನತೊಡಗಿದಾಗಲೇ ಅವನ ಹೆಂಡತಿ ಚೆಲಂಗಾತ್‌ಗೆ ಗೊತ್ತಾಗಿತ್ತು. ಬೊಮೆಟ್ ಕಡೆಯ ಗುಡ್ಡಗಳಲ್ಲಿ ಅನ್ನನಾಳದ ಆ ರೋಗ ಯಾರಿಗಾದರೂ ಗೊತ್ತಾಗುತ್ತದೆ. ಮೊದಲು ಸುಟ್ಟ ಮಾಂಸ ಬೇಡವಾಗುತ್ತದೆ. ಆಮೇಲೆ ಮುದ್ದೆ ಹಾಲಿಗೆ ಇಳಿಯುತ್ತದೆ. ಆಮೇಲೆ ಗಂಜಿ, ಕೊನೆಗೆ ಬರೀ ಚಹಾ. ಪ್ರತಿ ಮನೆಯವರೂ ಒಬ್ಬರನ್ನಾದರೂ ಹೀಗೆ ಕಂಡಿದ್ದಾರೆ.

‘ಅಲ್ಸರ್ರು,’ ಎಂದಿದ್ದ ವೆಲ್ಡನ್. ಪೇಟೆಯ ಔಷಧಿ ಅಂಗಡಿಯಿಂದ ಬಿಳಿ ಟಾನಿಕ್ಕಿನ ಬಾಟಲಿ ತಂದು ಬೈಕಿನ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದ. ಬೆಳಿಗ್ಗೆ ಮನೆಮನೆಯಿಂದ ಹಾಲಿನ ಕ್ಯಾನು ಹೇರಿಕೊಂಡು ಡೇರಿಗೆ ಮುಟ್ಟಿಸುವುದು ಅವನ ಕೆಲಸ. ದಾರಿಯಲ್ಲಿ ನಿಂತು ಟಾನಿಕ್ಕು ಕುಡಿಯುತ್ತಿದ್ದ. ಅವನಿಗೆ ಮೂವತ್ತೊಂದು. ಚೆಲಂಗಾತ್ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದಳು. ಬೋರ್ಡಿನ ಮೇಲೆ ಅನ್ನನಾಳದ ಚಿತ್ರ ಬಿಡಿಸುವ ಪಾಠ ಬಂದಾಗ ಆ ವರ್ಷ ಅದನ್ನು ಬೇರೆಯವರಿಗೆ ಒಪ್ಪಿಸಿದಳು.

ಗಂಜಿಯೂ ಇಳಿಯದಾದ ಮೇಲೆ ಅವನು ಮಿಷನ್ ಆಸ್ಪತ್ರೆಗೆ ಬರಲು ಒಪ್ಪಿದ. ಜೊತೆಗೆ ಅವನ ತಂಗಿ ಚೆರೊತಿಚ್ ಬಂದಳು. ಪೇಟೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿ ಅವಳದು. ಮದುವೆಯ ಮಾತುಕತೆ ನಡೆಯುತ್ತಿತ್ತು. ಅಣ್ಣನ ಗಂಟಲಿಗೆ ಕೊಳವೆ ಇಳಿಸಿ ನೋಡಿದ ಡಾಕ್ಟರ್ ನ್ಯಾಬೊಕೆ, ‘ಈ ರೋಗ ಒಂದೇ ಮನೇಲಿ ಇಬ್ಬರು ಮೂವರಿಗೆ ಬರೋದನ್ನ ನಾವು ನೋಡ್ತಾನೇ ಇದ್ದೀವಿ. ಬಂದದ್ದು ಬಂದಿದ್ದೀಯ, ನಿನ್ನದೂ ನೋಡಿಬಿಡೋಣ,’ ಎಂದು ತಂಗಿಯನ್ನೂ ಮಲಗಿಸಿದರು. ಒಳಗೆ ಅಯೋಡಿನ್ ಸಿಂಪಡಿಸಿದರೆ ಒಳ್ಳೆಯ ಭಾಗವೆಲ್ಲ ಕಂದು ಬಣ್ಣಕ್ಕೆ ತಿರುಗುತ್ತದೆ, ಕೆಟ್ಟದ್ದು ಮಾತ್ರ ಬಣ್ಣ ಹಿಡಿಯುವುದಿಲ್ಲ. ಚೆರೊತಿಚ್‌ಳ ಗಂಟಲಿನ ಕೆಳಗೆ ಬೆರಳಿನ ಉಗುರಿನಷ್ಟು ಜಾಗ ಬಣ್ಣ ಹಿಡಿದಿರಲಿಲ್ಲ.

ವಾರ ಕಳೆದು, ಇಬ್ಬರ ಗಂಟಲಿನಿಂದ ತೆಗೆದಿದ್ದ ಚೂರುಗಳ ಪರೀಕ್ಷೆಯ ಫಲ ಬಂತು. ಡಾಕ್ಟರ್ ಇಬ್ಬರ ವಿಷಯವನ್ನೂ ಬೇರೆ ಬೇರೆ ಹೇಳಿದರು. ತಂಗಿಗೆ ಹೇಳಿದರು: ‘ನಿನ್ನದು ಮೇಲ್ಪದರದಲ್ಲೇ ಇದೆ. ಆಪರೇಷನ್ ಮಾಡಿ ಆ ಭಾಗ ತೆಗೆದುಬಿಟ್ಟರೆ ಗುಣವಾಗಬಹುದು. ದೊಡ್ಡ ಆಪರೇಷನ್ನು, ಸುಳ್ಳು ಹೇಳಲ್ಲ. ಆದರೆ ಆಗೋದಿದ್ದರೆ ಈಗಲೇ ಆಗಬೇಕು.’ ತಾರೀಖನ್ನೂ ಕೊಟ್ಟರು, ಬರುವ ತಿಂಗಳ ಮೊದಲ ಮಂಗಳವಾರ.

ವೆಲ್ಡನ್‌ಗೆ ಫಲ ಬಂದ ದಿನವೇ ಪೈಪು ಹಾಕಿದರು. ತಂತಿ ಹೆಣೆದ ಪೈಪು. ಗಡ್ಡೆಯ ನಡುವೆ ತೂರಿಸಿ ಬಿಟ್ಟರೆ ಅರಳಿಕೊಂಡು ದಾರಿ ಮಾಡುತ್ತದೆ. ಅವನು ಮದ್ದಿನ ಮಂಪರಿನಲ್ಲಿದ್ದಾಗ ಡಾಕ್ಟರ್ ಚೆಲಂಗಾತ್‌ಳನ್ನು ಹೊರಗೆ ಕರೆದರು.

‘ನೀನು ಓದಿದವಳು, ನೇರ ಹೇಳ್ತೀನಿ ಕಣಮ್ಮ. ಗಡ್ಡೆ ಶ್ವಾಸನಾಳಕ್ಕೆ ಅಂಟಿದೆ, ಲಿವರ್‌ನಲ್ಲೂ ಇದೆ. ಪೈಪು ಊಟಕ್ಕೆ ಅಷ್ಟೇ, ಅದು ರೋಗಕ್ಕೆ ಔಷಧಿ ಅಲ್ಲ. ಕೆಲವು ತಿಂಗಳು. ಎದ್ದ ಮೇಲೆ ಅವನಿಗೆ ನಾನು ಹೇಳಲಾ?’

‘ನಾನೇ ಹೇಳ್ತೀನಿ,’ ಎಂದಳು ಚೆಲಂಗಾತ್.

ಹಾಗೆ ಅಂದದ್ದು ಧೈರ್ಯದಿಂದಲ್ಲ. ಅವರ ಕಡೆ, ಬದುಕಿರುವವನ ಸಾವನ್ನು ಬಾಯಿಬಿಟ್ಟು ಹೇಳಿದರೆ ಹೇಳಿದವರು ಶಾಪ ಹಾಕಿದ ಹಾಗೆ. ಹೊರಗಿನ ಊರಿನ ಡಾಕ್ಟರು ಹೇಳಿದರೆ ವೆಲ್ಡನ್ ಎದ್ದು ಹೋಗಿ ಮತ್ತೆ ಆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ತಾನು ಮೆಲ್ಲಗೆ, ಸಮಯ ನೋಡಿ ಹೇಳಿದರಾಯಿತು ಅಂದುಕೊಂಡಳು.

ಸಂಜೆ ನರ್ಸ್ ಒಂದು ಮಗ್ಗು ಗಂಜಿ ತಂದಿಟ್ಟಳು. ವೆಲ್ಡನ್ ಒಂದು ಗುಟುಕು ಕುಡಿದು, ಬಟ್ಟಲನ್ನು ಗಲ್ಲದ ಕೆಳಗೆ ಹಿಡಿದುಕೊಂಡು ಕಾದ. ವಾಪಸ್ಸು ಬರಲಿಲ್ಲ. ಇನ್ನೊಂದು ಗುಟುಕು. ಮಗ್ಗು ಖಾಲಿಯಾದ ಮೇಲೆ ಅವನು ಅದರ ತಳವನ್ನು ನೋಡುತ್ತಾ ಕೂತ.

‘ಇಳೀತು,’ ಎಂದ. ‘ಲೇ ಚೆಲಂಗಾತ್, ಇಳೀತು ಕಣೇ. ಎಲ್ಲಾ ಇಳೀತು. ಇನ್ನೂ ಇದೆಯಾ ಕೇಳು.’

ಅವಳು ಇನ್ನೊಂದು ಮಗ್ಗು ತರಲು ಹೋದಳು. ಅವತ್ತು ಹೇಳಲಿಲ್ಲ.

ಮನೆಗೆ ಬಂದ ಮೇಲೂ ಹೇಳಲಿಲ್ಲ. ಅವನು ತಿನ್ನುತ್ತಲೇ ಇದ್ದ. ಮೆತ್ತಗೆ ಬೇಯಿಸಿದ ಬೀನ್ಸ್, ಆಲೂಗಡ್ಡೆ, ಆಮೇಲೆ ಮುದ್ದೆ. ಪೈಪು ಕಟ್ಟಿಕೊಳ್ಳದಿರಲಿ ಅಂತ ಪ್ರತಿ ಊಟದ ಮೇಲೂ ಸೋಡಾ ಕುಡಿಯಲು ಆಸ್ಪತ್ರೆಯವರು ಹೇಳಿದ್ದರು. ‘ಮಂತ್ರಿಗಳ ಊಟ ನಂದು, ದಿನಾ ಸೋಡಾ,’ ಎನ್ನುತ್ತಿದ್ದ. ಕೆನ್ನೆ ತುಂಬಿಕೊಂಡಿತು. ಬೈಕು ಮತ್ತೆ ಹೊರಟಿತು. ಅವನ ತಾಯಿ, ಚೆಲಂಗಾತ್‌ಳ ಅತ್ತೆ, ಬೆಳಿಗ್ಗೆ ಹಾಲು ಕರೆಯುವಾಗ ಹಾಡತೊಡಗಿದರು. ಶನಿವಾರ ನೆಂಟರನ್ನೆಲ್ಲ ಕರೆದು ಆಡು ಕಡಿದು ದೇವರಿಗೆ ಕೃತಜ್ಞತೆ ಸಲ್ಲಿಸುವುದೆಂದು ಅವರೇ ಗೊತ್ತು ಮಾಡಿದರು.

ಚೆರೊತಿಚ್‌ಳ ಆಪರೇಷನ್ ಅದರ ಮುಂದಿನ ಮಂಗಳವಾರ.

ಬುಧವಾರ ಶಾಲೆಯಿಂದ ಬರುತ್ತಾ ಚೆಲಂಗಾತ್ ಅವಳ ಅಂಗಡಿಗೆ ಹೋದಳು. ಆಸ್ಪತ್ರೆಗೆ ಏನೇನು ಒಯ್ಯಬೇಕು, ಹೊದಿಕೆ ಯಾವುದು ಅಂತ ಕೇಳುವುದಿತ್ತು. ಚೆರೊತಿಚ್ ಹೊಲಿಗೆ ನಿಲ್ಲಿಸಲಿಲ್ಲ.

‘ನಾನು ಹೋಗಲ್ಲ ಅತ್ತಿಗೆ.’

‘ಹೋಗಲ್ಲ ಅಂದ್ರೆ?’

‘ನಂಗೇನಾಗಿದೆ ಹೇಳು? ಕಲ್ಲು ಕೊಟ್ರೂ ನುಂಗ್ತೀನಿ. ಇದ್ದಕ್ಕಿದ್ದ ಹಾಗೆ ಎದೆ ಸೀಳಿಸ್ಕೊಂಡು ಬರಬೇಕಾ? ಆ ಹುಡುಗನ ಮನೆಯವರು ಬರೋ ತಿಂಗಳು ಬರ್ತಾರೆ. ಹೊಲಿಗೆ ಹಾಕಿರೋ ಎದೇನ ಅವರ ಮುಂದೆ ಇಡಲಾ?’

‘ಡಾಕ್ಟರ್ ಹೇಳಿದ್ದು ನೀನೂ ಕೇಳಿದ್ದೀಯ.’

‘ಕೇಳಿದೆ. ಅಣ್ಣ ತಿನ್ನೋದನ್ನೂ ನೋಡಿದೆ. ಅವನದು ಪೂರ್ತಿ ಮುಚ್ಚಿಹೋಗಿತ್ತು. ಒಂದು ಪೈಪು, ಒಂದು ದಿನ, ಮನೆಗೆ ಬಂದ. ನಂದೂ ಮುಚ್ಚಿದಾಗ ನಾನೂ ಒಂದು ಹಾಕಿಸ್ಕೊಳ್ತೀನಿ. ಇಬ್ರೂ ಸೇರಿ ಸೋಡಾ ಕುಡೀತೀವಿ ಬಿಡು.’

ಅವಳು ನಕ್ಕಳು. ದಾರ ಕಚ್ಚಿ ತುಂಡು ಮಾಡಿದಳು.

ಮರುದಿನ ಬೆಳಿಗ್ಗೆ ವೆಲ್ಡನ್ ಬೈಕಿಗೆ ಕ್ಯಾನು ಕಟ್ಟುತ್ತಿದ್ದಾಗ ಚೆಲಂಗಾತ್ ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡು ಎಲ್ಲವನ್ನೂ ಹೇಳಿದಳು. ಲಿವರ್ ಎಂಬ ಮಾತನ್ನೂ, ಕೆಲವು ತಿಂಗಳು ಎಂಬ ಮಾತನ್ನೂ. ತಂಗಿ ಏನಂದಳು ಎಂಬುದನ್ನೂ. ಹೇಳುವಾಗ ಅವನ ಮುಖ ನೋಡದೆ ಗಂಟನ್ನು ನೋಡುತ್ತಿದ್ದಳು.

ವೆಲ್ಡನ್ ಗಂಟು ಬಿಗಿದ. ಬಿಚ್ಚಿ ಮತ್ತೆ ಬಿಗಿದ.

‘ಅವತ್ತಿಂದಾನೂ ಗೊತ್ತಿತ್ತಾ ನಿಂಗೆ?’

‘ಹೂಂ.’

‘ನಾನು ಗಂಜಿ ಕುಡೀತಾ ಇದ್ದಾಗ?’

‘ಹೂಂ.’

‘ಒಳ್ಳೆ ಹೆಂಡ್ತಿ ನೀನು,’ ಎಂದ. ಅದರಲ್ಲಿ ಬೈಗುಳವಿತ್ತೋ ಇಲ್ಲವೋ ಅವಳಿಗೆ ಆಗಲೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ. ಬೈಕಿನ ಕಿಕ್ ಒದ್ದ. ಹತ್ತಿಕೊಳ್ಳಲಿಲ್ಲ. ‘ಅವಳಿಗೆ ನೀನು ಹೇಳಬೇಡ. ನೀನು ಹೇಳಿದ್ರೆ ಶಾಪ ಅಂತಾರೆ. ನಾನೇ ಹೇಳ್ತೀನಿ. ನಾನು ಹೇಳಿದ್ರೆ ಅವಳು ಹೋಗ್ತಾಳೆ.’

ಅದು ನಿಜ. ಚೆರೊತಿಚ್ ಅಣ್ಣನ ಮಾತನ್ನು ಎಂದೂ ಮೀರಿದವಳಲ್ಲ. ಚೆಲಂಗಾತ್‌ಗೆ ಆ ದಿನ ಕಾಲು ಹಗುರಾದಂತಾಯಿತು. ಗಂಡ ಉಳಿಯುವುದಿಲ್ಲ. ಒಬ್ಬಳಾದರೂ ಉಳಿಯುತ್ತಾಳೆ. ತರಗತಿಯಲ್ಲಿ ಹುಡುಗಿಯರಿಗೆ ಎಲೆಯ ಪಾಠ ಮಾಡುತ್ತಾ ಅಷ್ಟನ್ನೇ ಲೆಕ್ಕ ಹಾಕುತ್ತಿದ್ದಳು.

ಗುರುವಾರ ಅವನು ಹೇಳಲಿಲ್ಲ. ಶುಕ್ರವಾರವೂ ಇಲ್ಲ. ‘ಶನಿವಾರ ಬರ್ತಾಳಲ್ಲ,’ ಎಂದ.

ಶನಿವಾರ ಅಂಗಳದ ತುಂಬ ಜನ. ಪಾದ್ರಿ ಪ್ರಾರ್ಥನೆ ಮಾಡಿದರು. ಅತ್ತೆ ಸೋರೆಬುರುಡೆಯಿಂದ ಹುಳಿಹಾಲು ಬಗ್ಗಿಸಿ ಎಲ್ಲರಿಗೂ ಕೊಟ್ಟರು. ಚಹಾದ ಕೆಟಲು ಒಲೆಯಿಂದ ನೇರ ಕೈಯಿಂದ ಕೈಗೆ ಸಾಗಿತು. ಹಬೆಯಾಡುತ್ತಿರುವಾಗಲೇ ಕುಡಿಯದಿದ್ದರೆ ಅಲ್ಲಿ ಅದು ಚಹಾ ಅಲ್ಲ. ವೆಲ್ಡನ್‌ನ ದೊಡ್ಡಪ್ಪ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಅಂದರು:

‘ನಮ್ಮ ಗುಡ್ಡಕ್ಕೆ ಪೈಪು ಹಾಕಿಸ್ತೀನಿ ಅಂತ ಹೇಳಿ ಎಷ್ಟು ಜನ ಓಟು ತಗೊಂಡು ಹೋದ್ರು! ಒಬ್ರೂ ಹಾಕಿಸ್ಲಿಲ್ಲ. ಕೊನೆಗೆ ಪೈಪು ಬಂದದ್ದು ಈ ನನ್ಮಗನ ಗಂಟಲಿಗೆ!’

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ವೆಲ್ಡನ್ ಕೂಡ ನಕ್ಕ. ‘ನಲ್ಲಿ ಬೇಕಾ ದೊಡ್ಡಪ್ಪ? ಬಾಯಿ ತೆಗೀತೀನಿ, ಕೊಡ ಇಡಿ,’ ಎಂದ.

ಸುಟ್ಟ ಮಾಂಸ ಬಂತು. ಚೆಲಂಗಾತ್ ಅವನ ಪಾಲನ್ನು ಹಲಗೆಯ ಮೇಲೆ ಸಣ್ಣಗೆ ಕೊಚ್ಚಿ ತಂದಿಟ್ಟಳು. ಅತ್ತೆ ಎದುರಿಗೇ ಮಣೆ ಹಾಕಿ ಕೂತಿದ್ದರು. ಚೆರೊತಿಚ್ ಅಣ್ಣನ ಪಕ್ಕಕ್ಕೆ ಬಂದು ಕುಕ್ಕರಿಸಿದಳು.

‘ಅಣ್ಣಾ, ಎಲ್ಲರ ಎದುರಿಗೇ ಕೇಳ್ತೀನಿ. ನೀನು ಹೇಳಿದ ಹಾಗೆ ಮಾಡ್ತೀನಿ. ಅತ್ತಿಗೆ ಮಂಗಳವಾರ ಹೋಗು ಅಂತಾಳೆ. ಕೊಯ್ಸಿಕೊಳ್ಲಾ? ಇಲ್ಲಾ ಆಮೇಲೆ ಯಾವಾಗಾದ್ರೂ ನಿನ್ನ ಹಾಗೆ ಪೈಪು ಸಾಕಾ?’

ಚೆಲಂಗಾತ್ ಕೈಯಲ್ಲಿ ಚಾಕು ಹಿಡಿದು ನಿಂತಿದ್ದಳು. ವೆಲ್ಡನ್ ಒಂದು ಚೂರು ಬಾಯಿಗಿಟ್ಟುಕೊಂಡ. ತುಂಬ ಹೊತ್ತು ಅಗಿದ. ನುಂಗಿದ. ಸೋಡಾದ ಬಾಟಲಿ ಎತ್ತಿ ಕುಡಿದ. ಎಲ್ಲರೂ ಕಾಯುತ್ತಿದ್ದರು.

‘ನೋಡ್ತಾ ಇದ್ದೀಯಲ್ಲ,’ ಎಂದ. ‘ಪೈಪು ಸಾಕು.’

ಅತ್ತೆ ‘ದೇವರೇ’ ಎಂದು ಎರಡೂ ಕೈ ಎತ್ತಿದರು. ಯಾರೋ ಹಾಡು ಶುರು ಮಾಡಿದರು.

ಜನ ಚದುರಿದ ಮೇಲೆ ಚೆಲಂಗಾತ್ ಅವನನ್ನು ದನದ ಬೇಲಿಯ ಹತ್ತಿರ ಹಿಡಿದಳು.

‘ಯಾಕೆ ಹಾಗಂದೆ?’

ಅವನು ಬೇಲಿಯ ಕಂಬ ಹಿಡಿದುಕೊಂಡ. ‘ಅಮ್ಮ ನನ್ನ ಬಾಯನ್ನೇ ನೋಡ್ತಾ ಇದ್ಳು,’ ಎಂದ. ‘ಸೋಮವಾರ ಅಂಗಡಿಗೆ ಹೋಗಿ ಹೇಳ್ತೀನಿ.’

ಸೋಮವಾರ ಅವನು ಡೇರಿಯಿಂದ ನೇರ ಮನೆಗೆ ಬಂದು ಮುಸುಕೆಳೆದು ಮಲಗಿದ. ಚೆಲಂಗಾತ್ ತಾನೇ ಹೋದಳು. ‘ಆಪರೇಷನ್ ಮಾಡಿಸ್ಕೋ ಚೆರೊತಿಚ್, ನನ್ನ ಮಾತು ಕೇಳು,’ ಎಂದಳು. ‘ಅಣ್ಣನೇ ಬೇಡ ಅಂದನಲ್ಲ. ಗಂಟಲು ಅವನದು. ಅವನಿಗಿಂತ ನಿನಗೆ ಜಾಸ್ತಿ ಗೊತ್ತಾ?’ ಎಂದಳು ಚೆರೊತಿಚ್, ಮಗುವೊಂದರ ಭುಜದ ಅಳತೆ ತೆಗೆಯುತ್ತಾ. ಅದಕ್ಕೆ ಉತ್ತರ ಒಂದೇ ಇತ್ತು. ನಿನ್ನಣ್ಣ ಸಾಯುತ್ತಾನೆ. ಆ ವಾಕ್ಯ ಚೆಲಂಗಾತ್‌ಳ ಬಾಯಿಯವರೆಗೂ ಬಂತು. ಮಗುವಿನ ತಾಯಿ ಅಲ್ಲೇ ಕೂತಿದ್ದಳು. ನಾಳೆ ಊರಿಗೆಲ್ಲ ಅದು ಹೆಂಡತಿಯೇ ಆಡಿದ ಮಾತಾಗುತ್ತಿತ್ತು. ಅವಳು ಎದ್ದು ಬಂದಳು.

ಮಂಗಳವಾರ ಹೋಯಿತು.

ವೆಲ್ಡನ್ ಐದು ತಿಂಗಳು ಇದ್ದ. ಗಡ್ಡೆ ಪೈಪಿನ ಮೇಲ್ತುದಿಯಿಂದ ಬೆಳೆದು ಒಳಕ್ಕೆ ಬಾಗಿತು. ಮುದ್ದೆ ಮತ್ತೆ ಹಾಲಿಗೆ ಇಳಿಯಿತು. ಆಮೇಲೆ ನೀರು ಕುಡಿದರೂ ಕೆಮ್ಮು. ಗಡ್ಡೆ ಶ್ವಾಸನಾಳಕ್ಕೆ ತೂತು ಕೊರೆದಿತ್ತು. ಕೊನೆಯ ವಾರಗಳಲ್ಲಿ ಅವಳು ಹತ್ತಿಯಿಂದ ಅವನ ತುಟಿ ಒದ್ದೆ ಮಾಡುತ್ತಿದ್ದಳು. ಅವನು ಕಾಗದದ ಚೂರಿನ ಮೇಲೆ ಬರೆದು ಏನಾದರೂ ಕೇಳುತ್ತಿದ್ದ, ಕಿಟಕಿ ತೆಗೆ, ಹಸು ಕರು ಹಾಕಿತಾ, ಅಂಥದ್ದು. ತಂಗಿಯ ವಿಷಯ ಇಬ್ಬರೂ ಎತ್ತಲಿಲ್ಲ. ತಂಗಿ ಬಂದು ಪಕ್ಕದಲ್ಲಿ ಕೂತಾಗ ವೆಲ್ಡನ್ ಗೋಡೆಯ ಕಡೆ ತಿರುಗುತ್ತಿದ್ದ. ನೋವಿಗೆ ಹಾಗೆ ಮಾಡುತ್ತಾನೆಂದು ಚೆರೊತಿಚ್ ಅಂದುಕೊಂಡಳು.

ಅವನನ್ನು ಮನೆಯ ಹಿಂದೆ ಮಣ್ಣು ಮಾಡಿದರು.

ಜನ ಬರುವುದು ನಿಂತ ಮೇಲೆ ಒಂದು ಮಧ್ಯಾಹ್ನ ಚೆಲಂಗಾತ್ ಅಂಗಡಿಗೆ ಹೋಗಿ ಬಾಗಿಲು ಹಾಕಿಕೊಂಡು ಎಲ್ಲವನ್ನೂ ಹೇಳಿದಳು. ಚೆರೊತಿಚ್ ಕೂಗಾಡಲಿಲ್ಲ. ಹೊಲಿಗೆ ಯಂತ್ರದ ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿದಳು.

‘ಅವನಿಗೆ ಗೊತ್ತಿದ್ದೂ ಹಾಗಂದ್ನಾ?’

‘ಗೊತ್ತಿತ್ತು.’

‘ಸರಿ, ನಡಿ,’ ಎಂದಳು. ‘ಈಗ್ಲೇ ಹೋಗೋಣ.’

ಮತ್ತೆ ಕೊಳವೆ ಇಳಿಸಿದರು. ಮತ್ತೆ ಚೂರು ತೆಗೆದರು, ಸ್ಕ್ಯಾನ್ ಮಾಡಿದರು. ಫಲಕ್ಕಾಗಿ ಮತ್ತೊಂದು ಸಲ ಹೋದಾಗ ಡಾಕ್ಟರ್ ನ್ಯಾಬೊಕೆ ಹಳೆಯ ತಾರೀಖನ್ನು ಎತ್ತಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ರೋಗ ಅನ್ನನಾಳದ ಗೋಡೆ ದಾಟಿತ್ತು. ಹೊರಗಿನ ಗ್ರಂಥಿಗಳಿಗೆ ಹೋಗಿತ್ತು, ಲಿವರ್‌ನಲ್ಲಿ ಎರಡು ಕಲೆ. ಆಪರೇಷನ್ ಈಗ ಮಾಡುವ ಹಾಗಿಲ್ಲ. ಕೀಮೋ ಕೊಡಬಹುದು, ಅದರಿಂದ ರೋಗ ಬೆಳೆಯುವುದು ಸ್ವಲ್ಪ ತಡವಾಗಬಹುದು. ‘ನುಂಗೋಕೆ ಕಷ್ಟ ಆದಾಗ ಬಾ, ಪೈಪು ಹಾಕೋಣ,’ ಎಂದರು.

ಚೆರೊತಿಚ್ ಹೊರಗೆ ಬಂದು, ‘ಇನ್ನೂ ಎಲ್ಲಾ ಸಲೀಸಾಗಿ ನುಂಗ್ತೀನಿ, ವಿಚಿತ್ರ,’ ಎಂದಳು. ವ್ಯಾನಿನಲ್ಲಿ ಪೂರ್ತಿ ದಾರಿ ಕಿಟಕಿಯಾಚೆ ನೋಡುತ್ತಿದ್ದಳು. ಮದುವೆಯ ಮಾತುಕತೆ ಅಣ್ಣನ ಸಾವಿಗಾಗಿ ಮುಂದಕ್ಕೆ ಹೋಗಿತ್ತು. ಅದನ್ನು ಇಲ್ಲಿಗೇ ಬಿಟ್ಟುಬಿಡು ಅಂತ ಹುಡುಗನಿಗೆ ತಾನೇ ಹೇಳುವುದಾಗಿ ಇಳಿಯುವ ಮುಂಚೆ ಅಂದಳು.

ಅಂಗಳದಲ್ಲಿ ಅತ್ತೆ ಬೀನ್ಸ್ ಬಿಡಿಸುತ್ತಾ ಕೂತಿದ್ದರು. ಇಬ್ಬರೂ ಎಲ್ಲಿಂದ ಬಂದರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಚೆರೊತಿಚ್‌ಳ ಮಣಿಕಟ್ಟಿಗೆ ಆಸ್ಪತ್ರೆಯ ಪಟ್ಟಿ ಇನ್ನೂ ಇತ್ತು.

‘ಏನಂದ್ರು?’ ಎಂದರು ಅತ್ತೆ. ಕೇಳಿದ್ದು ಸೊಸೆಯನ್ನು.

ಚೆಲಂಗಾತ್ ಹೇಳಿದಳು. ಈ ಸಲ ಒಂದು ಮಾತನ್ನೂ ಬಿಡಲಿಲ್ಲ. ಅತ್ತೆ ಬೀನ್ಸ್ ಬಿಡಿಸುವುದನ್ನು ನಿಲ್ಲಿಸಿ ಕೇಳಿಸಿಕೊಂಡರು.

‘ಇವಳಿಗೆ ಆಗ ಕೊಯ್ಸಿದ್ರೆ ಗುಣ ಆಗ್ತಿತ್ತಾ?’

‘ಆಗಬಹುದಿತ್ತು ಅತ್ತೆ.’

‘ಅವನ ಪೈಪಿನಿಂದ ಅವನಿಗೆ ಗುಣ ಆಗಲ್ಲ ಅಂತ ಡಾಕ್ಟರು ಯಾವಾಗ ಹೇಳಿದ್ರು?’

‘ಪೈಪು ಹಾಕಿದ ದಿನ.’

‘ನಾನು ಆಡು ಕಡಿದದ್ದು ಆಮೇಲೆ.’

‘ಹೌದು.’

‘ಅವತ್ತು ನಿಂಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು.’

‘ಗೊತ್ತಿತ್ತು ಅತ್ತೆ.’

ಅತ್ತೆ ಬೀನ್ಸಿನ ಮೊರವನ್ನು ಪಕ್ಕಕ್ಕೆ ಸರಿಸಿದರು. ಏಳಲು ನೋಡಿದರು, ಆಗಲಿಲ್ಲ. ಚೆಲಂಗಾತ್ ಕೈ ನೀಡಿದಳು. ಅವರು ಆ ಕೈಯನ್ನು ಹಿಡಿಯಲಿಲ್ಲ, ದೂಡಲೂ ಇಲ್ಲ. ಮಗಳ ಸ್ಕರ್ಟಿನ ಅಂಚನ್ನು ಹಿಡಿದುಕೊಂಡು ಹಾಗೇ ಕೂತುಬಿಟ್ಟರು.