ಬೀಗರ ಕೋಟು

ನಾನು ಒಂದು ಕರಿಯ ಕೋಟು. ಬೇರೆ ಕೋಟುಗಳು ಹುಟ್ಟುವ ಮೊದಲೇ ಅವಕ್ಕೊಬ್ಬ ಯಜಮಾನ ಇರುತ್ತಾನೆ. ಅವನ ಎದೆ, ತೋಳು, ಹೊಟ್ಟೆ ಎಲ್ಲ ಅಳೆದು ಆಮೇಲೆ ಬಟ್ಟೆಗೆ ಕತ್ತರಿ ಹಾಕುತ್ತಾರೆ. ನನಗೆ ಆ ಭಾಗ್ಯ ಇರಲಿಲ್ಲ. ಹುಬ್ಬಳ್ಳಿಯ ಟೇಲರ್ ಮಸ್ತಾನಸಾಬರ ಬಳಿಗೆ ಹೋಟೆಲಿನವರು ಬಂದು ಒಂದೇ ತರಹದ ಕೆಲವು ಕೋಟು ಬೇಕೆಂದಾಗ, ಅಳತೆ ಯಾರದು ಎಂದು ಅವರು ಕೇಳಿದರು. ಯಾರದೂ ಅಲ್ಲ, ಬಂದವರಿಗೆಲ್ಲ ಆಗಬೇಕು ಅಷ್ಟೆ ಎಂಬ ಉತ್ತರ ಬಂತು. ಸಾಬರು ಬಹಳ ಹೊತ್ತು ತಲೆ ಕೆರೆದುಕೊಂಡು, ಕೊನೆಗೆ ಎದುರಿನ ಮಿರ್ಚಿ ಭಜಿ ಅಂಗಡಿಯವನನ್ನು ಕರೆದು ನಿಲ್ಲಿಸಿ ಟೇಪು ಹಿಡಿದರು. ಅವನು ಓಣಿಯಲ್ಲೇ ದಪ್ಪ ಮನುಷ್ಯ. ಅವನಿಗೆ ಆದರೆ ಊರಿಗೆಲ್ಲ ಆಗುತ್ತದೆ ಎಂಬುದು ಸಾಬರ ಲೆಕ್ಕ. ಹೀಗೆ ನನ್ನದು ಭಜಿ ಮಾರುವವನ ಮೈ. ಅವನು ಮಾತ್ರ ನನ್ನನ್ನು ಒಮ್ಮೆಯೂ ತೊಡಲಿಲ್ಲ.

ಹೊಲಿಗೆ ಮುಗಿದ ಮೇಲೆ ನನ್ನ ಎದೆಯ ಮೇಲೆ ಬಂಗಾರದ ಬಣ್ಣದ ದಾರದಿಂದ ಒಂದು ಕಿರೀಟ ಕಸೂತಿ ಮಾಡಿದರು. ಕಾಲರಿನ ಒಳಗೆ ನಂಬರಿನ ಚೀಟಿ ಹಚ್ಚಿದರು. ಆಮೇಲೆ ಜೇಬುಗಳ ಬಾಯಿಗೆಲ್ಲ ಹೊಲಿಗೆ ಹಾಕಿಬಿಟ್ಟರು. ಎರವಲು ಕೋಟಿನ ಜೇಬಿನಲ್ಲಿ ಜನ ಏನಾದರೂ ಇಟ್ಟು ಮರೆತು ಹೋಗುತ್ತಾರಂತೆ, ಆಮೇಲೆ ಬಂದು ಜಗಳ ತೆಗೆಯುತ್ತಾರಂತೆ. ಬಾಯಿ ಹೊಲಿಸಿಕೊಂಡೇ ಲೋಕಕ್ಕೆ ಬಂದವನು ನಾನು. ನನ್ನ ಮಾತು ಅಲ್ಲಲ್ಲಿ ಕಹಿಯಾದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ.

ನನ್ನನ್ನು ಕರೆದುಕೊಂಡು ಹೋದದ್ದು ಹೆದ್ದಾರಿಯ ಪಕ್ಕದ ಒಂದು ಆಟದ ಊರಿಗೆ. ಅಲ್ಲಿ ಸುಳ್ಳು ಬೆಟ್ಟವಿತ್ತು, ಸುಳ್ಳು ಸಮುದ್ರವಿತ್ತು, ಹಗಲೆಲ್ಲ ಜನ ದುಡ್ಡು ಕೊಟ್ಟು ಕಿರುಚುತ್ತಿದ್ದರು. ಅದರ ನಡುವೆ ಉಳಿದುಕೊಳ್ಳುವ ರೆಸಾರ್ಟು, ರೆಸಾರ್ಟಿನ ಒಳಗೆ ಚಂದ್ರಮಹಲ್ ಎಂಬ ದುಬಾರಿ ಊಟದ ಮನೆ. ಅದರ ಬಾಗಿಲಲ್ಲಿ ಹಿತ್ತಾಳೆಯ ಬೋರ್ಡು. ಚಡ್ಡಿಯಲ್ಲಿ ಬರಬಾರದು, ರಬ್ಬರ್ ಚಪ್ಪಲಿ ಕೂಡದು, ಒದ್ದೆ ಬಟ್ಟೆ ಕೂಡದು, ಗಂಡಸರು ಅರ್ಧ ತೋಳಿನ ಅಂಗಿಯಲ್ಲಿದ್ದರೆ ಮೇಲೊಂದು ಕೋಟು ಇರಲೇಬೇಕು. ನೀರಾಟ ಆಡಲು ಬಂದವರಿಗೆ ಇಂಥ ನಿಯಮ ಯಾಕೆ ಎಂದು ನೀವು ಕೇಳಬಹುದು. ನನಗೂ ಗೊತ್ತಿಲ್ಲ. ಆದರೆ ಆ ನಿಯಮ ಇಲ್ಲದಿದ್ದರೆ ನಾನೂ ಇರುತ್ತಿರಲಿಲ್ಲ.

ಬಾಗಿಲಿನ ಉಸ್ತುವಾರಿ ಆಲ್ವಾರಿಸ್ ಎಂಬ ಮೆದುಮಾತಿನ ಮನುಷ್ಯನದು. ಕೋಟಿಲ್ಲದೆ ಬಂದವರನ್ನು ಅವನು ವಾಪಸು ಕಳಿಸುತ್ತಿರಲಿಲ್ಲ, ಗೂಟದಿಂದ ನಮ್ಮಲ್ಲೊಬ್ಬನನ್ನು ಇಳಿಸಿ ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚುತ್ತಿದ್ದ. ದೊಡ್ಡ ಡಾಕ್ಟರೊಬ್ಬರು ನನ್ನೊಳಗೆ ಮುಳುಗಿ ಮಗುವಿನಂತೆ ಕಂಡದ್ದುಂಟು. ಒಬ್ಬ ಪೈಲ್ವಾನ ನನ್ನ ಗುಂಡಿ ಹಾಕಲು ಹೋಗಿ ಉಸಿರುಗಟ್ಟಿದ್ದುಂಟು. ಊಟ ಮುಗಿದ ಕೂಡಲೇ ಎಲ್ಲರೂ ನನ್ನನ್ನು ಕಳಚಿ ಕೌಂಟರಿನ ಮೇಲೆ ಎಸೆದು, ಅಬ್ಬಾ ಎಂದು ಮೈ ಕೊಡವಿಕೊಂಡು ಹೋಗುತ್ತಿದ್ದರು. ನನ್ನನ್ನು ಪ್ರೀತಿಯಿಂದ ತೊಟ್ಟವನು ಒಬ್ಬನೇ. ಅವನಿಗೇ ನನ್ನಿಂದ ಕೇಡಾಯಿತು.

ಅವನ ಹೆಸರು ದುಂಡಪ್ಪ. ಗದಗದ ಆಚೆಯ ಊರೊಂದರಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡವನು. ಹೆಂಡತಿ ತೀರಿಹೋಗಿದ್ದಳು, ಇದ್ದವಳು ಮಗಳು ದಾನಮ್ಮ ಒಬ್ಬಳೇ. ಅವಳು ಊರ ಶಾಲೆಯಲ್ಲಿ ಟೀಚರು, ಮೂವತ್ತು ದಾಟಿತ್ತು. ಬಹಳ ಜನ ಬಂದು ಉಪ್ಪಿಟ್ಟು ತಿಂದು ನೋಡಿಕೊಂಡು ಹೋಗಿದ್ದರು. ಕೊನೆಗೆ ಬಸಲಿಂಗಯ್ಯ ಎಂಬ ಹಿರಿಯರು ನಡುವೆ ನಿಂತು ಹುಬ್ಬಳ್ಳಿಯ ವೀರನಗೌಡರ ಮನೆಯ ವಿಷಯ ತಂದರು. ಗೌಡರು ದೊಡ್ಡ ಗುತ್ತಿಗೆದಾರರು. ಮನೆಗೆ ಬಂದು ಹೆಣ್ಣು ನೋಡುವುದು ಹಳೇ ಕಾಲದ್ದು, ಹುಡುಗ ಹುಡುಗಿ ಆರಾಮಾಗಿ ಮಾತಾಡಲಿ, ಎಲ್ಲರೂ ರೆಸಾರ್ಟಿಗೆ ಬನ್ನಿ, ಹಗಲು ಆಟ, ಸಂಜೆ ಚಂದ್ರಮಹಲಿನಲ್ಲಿ ಊಟ ಎಂದು ಅವರೇ ಹೇಳಿ ಕಳಿಸಿದ್ದರು.

ಅಂಥ ಜಾಗಕ್ಕೆ ಏನು ಉಟ್ಟುಕೊಂಡು ಹೋಗಬೇಕು ಎಂಬುದೇ ಅಪ್ಪ ಮಗಳಿಗೆ ದೊಡ್ಡ ಚಿಂತೆಯಾಗಿತ್ತಂತೆ. ದಾನಮ್ಮನಿಗೆ ಹೊಸ ಇಳಕಲ್ ಸೀರೆ ತಂದರು. ದುಂಡಪ್ಪ ತನ್ನ ಬಿಳಿ ಅರ್ಧ ತೋಳಿನ ಅಂಗಿಗೆ ಎರಡು ಸಲ ನೀಲಿ ಹಾಕಿಸಿ, ಇಸ್ತ್ರಿ ಮಾಡಿಸಿ, ಅದಕ್ಕೊಪ್ಪುವ ಧೋತರ ಉಟ್ಟ. ಅಷ್ಟೂ ತಯಾರಿ ಮಧ್ಯಾಹ್ನವೇ ನೀರುಪಾಲಾಯಿತು. ಗೌಡರ ಮಗ ಎಲ್ಲರನ್ನೂ ಎತ್ತರದಿಂದ ಜಾರುವ ದೋಣಿಗೆ ಕರೆದ. ದಾನಮ್ಮ ಸೀರೆ ಹಾಳಾಗುತ್ತದೆಂದು ದಂಡೆಯಲ್ಲೇ ನಿಂತಳು. ದುಂಡಪ್ಪನಿಗೆ ಬೀಗರಾಗುವವರು ಕರೆದಾಗ ಒಲ್ಲೆ ಅನ್ನುವುದು ಹೇಗೆಂದು ತಿಳಿಯಲಿಲ್ಲ. ದೇವರ ಹೆಸರು ಹೇಳುತ್ತ ಹತ್ತಿ ಕೂತವನು ಕೆಳಗೆ ಬರುವಾಗ ತೊಯ್ದು ತೊಪ್ಪೆಯಾಗಿದ್ದ. ಬದಲಿಸಲು ಇನ್ನೊಂದು ಧೋತರ ತಂದಿದ್ದ, ಅಂಗಿ ತಂದಿರಲಿಲ್ಲ.

ಸಂಜೆ ಚಂದ್ರಮಹಲಿನ ಬಾಗಿಲಲ್ಲಿ ಆಲ್ವಾರಿಸ್ ಅವನನ್ನು ತಡೆದ. ಅರ್ಧ ಹಿಂದಿಯಲ್ಲಿ ಏನೋ ಮೆಲ್ಲಗೆ ಹೇಳಿದ. ದುಂಡಪ್ಪ ಅರ್ಥವಾಗದೆ ನಗುತ್ತ ನಿಂತ. ಹಿಂದಿನಿಂದ ಫೋನಿನಲ್ಲಿ ಮಾತಾಡುತ್ತ ಬಂದ ವೀರನಗೌಡರು ಒಂದು ಕ್ಷಣ ಫೋನು ಪಕ್ಕಕ್ಕೆ ಸರಿಸಿ, "ಅವರಿಗೊಂದು ಕೋಟು ಹಾಕ್ರಿ" ಅಂದರು. ಆಲ್ವಾರಿಸ್ ನನ್ನನ್ನು ಇಳಿಸಿದ. ದುಂಡಪ್ಪನ ಕೈ ನನ್ನ ತೋಳು ಸಿಗದೆ ತಡಕಾಡುವುದನ್ನು ನೋಡಿ ಗೌಡರು, ಫೋನನ್ನು ಭುಜಕ್ಕೆ ಒತ್ತಿಕೊಂಡೇ, ನನ್ನನ್ನು ಹಿಡಿದು ಅವನ ಹೆಗಲ ಮೇಲೆ ಕೂರಿಸಿದರು. ಹೊತ್ತಾಗುತ್ತಿತ್ತು, ಅವರಿಗೆ ಹಸಿವಾಗಿತ್ತು. ಅದರಲ್ಲಿ ಬೇರೇನೂ ಇರಲಿಲ್ಲ.

ದುಂಡಪ್ಪನ ಮೈ ಒಳಗೆ ತಣ್ಣಗಿತ್ತು, ಒದ್ದೆ ಅಂಗಿ ನನ್ನ ಅಸ್ತರಿಗೆ ಅಂಟಿತು. ಆದರೆ ಅವನು ನಡುಗಿದ್ದು ಚಳಿಗಲ್ಲ. ಅವನ ಕಡೆಯ ಜನರಲ್ಲಿ ಬೀಗರು ತಮ್ಮ ಕೈಯಾರೆ ಮೈಮೇಲೆ ಬಟ್ಟೆ ಹಾಕುವುದಕ್ಕೆ ಆಹೇರ ಎನ್ನುತ್ತಾರೆ. ಸಂಬಂಧ ಪಕ್ಕಾ ಆದ ಮೇಲೆ ಮಾಡುವ ಮರ್ಯಾದೆ ಅದು. ಸಾಧಾರಣ ಮಂದಿ ಟವೆಲು, ಟೊಪ್ಪಿಗೆ ಹಾಕುತ್ತಾರೆ, ಅನುಕೂಲಸ್ಥರು ಧೋತರ ಕೊಡುತ್ತಾರೆ. ಕೋಟು ಹಾಕಿದ್ದನ್ನು ದುಂಡಪ್ಪ ಕಂಡೂ ಇರಲಿಲ್ಲ, ಕೇಳಿಯೂ ಇರಲಿಲ್ಲ. ಅವನು ನನ್ನ ಅಂಚನ್ನು ಹಿಡಿದು ಎರಡೂ ಕಣ್ಣಿಗೆ ಒತ್ತಿಕೊಂಡ. ಗೌಡರು ಅಷ್ಟರಲ್ಲಿ ಮತ್ತೆ ಫೋನಿನಲ್ಲಿದ್ದರು. ಬೇಡ ಮಹಾರಾಯ, ನಾನು ಗೂಟದ ಕೋಟು ಎಂದು ಕೂಗಬೇಕೆನಿಸಿತು. ಕೂಗಲು ಬಾಯಿ ಎಲ್ಲಿತ್ತು?

ದಾನಮ್ಮನಿಗೆ ಗೊತ್ತಾಯಿತು. ಬಾಗಿಲಿನ ಬೋರ್ಡನ್ನು ಅವಳು ಓದಿದ್ದಳು. ಪಕ್ಕದ ಮೇಜುಗಳಲ್ಲಿ ಇದೇ ಕಿರೀಟದ ಕೋಟು ತೊಟ್ಟು ಕೂತ ಇನ್ನಿಬ್ಬರನ್ನು ನೋಡಿದಳು, ಆಮೇಲೆ ಅಪ್ಪನ ಮುಖ ನೋಡಿದಳು. ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ ತಲೆ ತಗ್ಗಿಸಿದಳು.

ಊಟದ ಹೊತ್ತಿನಲ್ಲಿ ಹುಡುಗ ಮೊಬೈಲಿನಿಂದ ಕಣ್ಣೆತ್ತಲಿಲ್ಲ. ಗೌಡರ ಹೆಂಡತಿ ಯಾವ ಕ್ಲಾಸಿಗೆ ಕಲಿಸುತ್ತೀ ಎಂದು ಒಂದು ಮಾತು ಕೇಳಿದಳು. ಸ್ವಲ್ಪ ಹೊತ್ತಿಗೆ ಗಂಡನ ಕಡೆ ವಾಲಿ, ವಯಸ್ಸು ಹೆಚ್ಚಾಯಿತು, ಮನೆಗೆ ಹೋಗಿ ಅಯ್ಯನವರ ಕಡೆಯಿಂದ ಇಲ್ಲ ಅಂತ ಹೇಳಿಸೋಣ ಎಂದು ಪಿಸುಗುಟ್ಟಿದಳು. ನಾನು ಗೌಡರ ಪಕ್ಕದ ಕುರ್ಚಿಯಲ್ಲೇ ಇದ್ದೆ, ನನಗೆ ಕೇಳಿಸಿತು. ನನ್ನೊಳಗಿದ್ದ ದುಂಡಪ್ಪನಿಗೆ ಕೇಳಿಸಲಿಲ್ಲ. ಗಿರಣಿಯ ಸದ್ದಿನಲ್ಲೇ ಬಾಳಿದವನ ಕಿವಿ ಅಷ್ಟರಮಟ್ಟಿಗೆ ಮಂದವಾಗಿತ್ತು.

ಕಾಫಿ ಬಂತು. ಜೊತೆಗೆ ಸಣ್ಣ ಕಾಗದದ ಪೊಟ್ಟಣಗಳಲ್ಲಿ ಸಕ್ಕರೆ. ದುಂಡಪ್ಪ ಎದ್ದು ನಿಂತು ಪೊಟ್ಟಣ ಹರಿದು ಅಂಗೈಗೆ ಸುರುವಿಕೊಂಡ.

"ಗೌಡ್ರ, ನೀವು ಬಾಯಿಲೆ ಹೇಳೂಕಿಂತ ಮೊದಲ ಕೈಲೆ ಮಾಡಿ ತೋರಿಸಿದ್ರಿ. ಇನ್ನ ನಮ್ಮ ಕಡಿಂದ ಬಾಯಿ ಸಿಹಿ ಆಗಲಿ" ಅಂದವನೇ ಗೌಡರ ಬಾಯಿಗೆ ಸಕ್ಕರೆ ಹಾಕಿದ.

ಪಕ್ಕದ ಮೇಜಿನವರು ಯಾರದೋ ಹುಟ್ಟುಹಬ್ಬ ಇರಬೇಕೆಂದು ಚಪ್ಪಾಳೆ ತಟ್ಟಿದರು. ಮಾಣಿಗಳೂ ತಟ್ಟಿದರು. ಗೌಡರಿಗೆ ಅಷ್ಟು ಜನರ ಎದುರು ಉಗುಳಲು ಆಗಲಿಲ್ಲ, ನುಂಗಿದರು. ಜೊತೆಗೆ ಬಂದಿದ್ದ ಬಸಲಿಂಗಯ್ಯನವರು ಸಕ್ಕರೆಯನ್ನೇ ಹಾಕದ ಕಾಫಿಯನ್ನು ಚಮಚದಿಂದ ಕಲಕುತ್ತ ಕುಳಿತರು. ದುಂಡಪ್ಪನ ಕಣ್ಣಲ್ಲಿ ನೀರು ಬಂದು, ಒರೆಸಿಕೊಳ್ಳಲು ನನ್ನ ತೋಳೇ ಅವನಿಗೆ ಸಿಕ್ಕಿತು. ಇಂಗು ತಿಂದ ಮಂಗನಂತಿದ್ದ ಗೌಡರ ಮುಖ ಅವನಿಗೆ ಸಂತೋಷದ ಮುಖವಾಗಿ ಕಂಡಿತು.

ಹೊರಡುವಾಗ ಆಲ್ವಾರಿಸ್ ವಾಡಿಕೆಯಂತೆ ಎರಡೂ ಕೈ ಚಾಚಿದ. ದುಂಡಪ್ಪ ಆ ಕೈಗಳಿಗೆ ನಮಸ್ಕಾರ ಮಾಡಿ ಮುಂದೆ ಹೋದ. ಹಿಂದಿನಿಂದ ಗೌಡರು, ಇರಲಿ ಬಿಡು ಎಂದು ಕಣ್ಣಲ್ಲೇ ಸನ್ನೆ ಮಾಡಿದರು. ರಂಪ ಇಲ್ಲದೆ ಇವರು ತೊಲಗಿದರೆ ಸಾಕಾಗಿತ್ತು ಅವರಿಗೆ. ನಾನು ಮೊದಲ ಸಲ ಆ ಬಾಗಿಲು ದಾಟಿ ಹೊರಗೆ ಬಂದೆ. ಸ್ವಾತಂತ್ರ್ಯ ಎಂದರೆ ಇದೇ ಇರಬೇಕು ಎಂದು ಒಂದು ಗಳಿಗೆ ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ?

ಬಸ್ಸಿನ ಸೆಕೆಯಲ್ಲೂ ಅವನು ನನ್ನನ್ನು ತೆಗೆಯಲಿಲ್ಲ. ಪಕ್ಕದವನಿಗೆ ಎದೆಯ ಕಿರೀಟ ತೋರಿಸಿ, ಬೀಗರು ಹಾಕಿದ್ದು ಎಂದ. ಅಡಿಕೆಚೀಲ ಇಡಲು ಜೇಬಿಗೆ ಕೈ ಹಾಕಿ, ಅದು ಹೊಲಿದಿರುವುದು ತಿಳಿದಾಗ, ಹೊಚ್ಚ ಹೊಸದು, ಇನ್ನೂ ಬಿಚ್ಚಿಲ್ಲ ಎಂದು ಮತ್ತಷ್ಟು ಖುಷಿಪಟ್ಟ. ದಾನಮ್ಮ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು.

ಮನೆಯಲ್ಲಿ ನನ್ನನ್ನು ಗೂಟಕ್ಕೆ ಹಾಕುವಾಗ ಕಾಲರಿನ ಒಳಗಿನ ನಂಬರು ಅವಳ ಕಣ್ಣಿಗೆ ಬಿತ್ತು. ಬೆಳಿಗ್ಗೆ ದುಂಡಪ್ಪ ಅಂಗಡಿಯಿಂದ ಸಕ್ಕರೆ ತರಿಸಿ ಗಿರಣಿಗೆ ಹೊರಟಾಗ ಅವಳು ಬಾಗಿಲಲ್ಲಿ ನಿಂತಳು.

"ಅಪ್ಪಾ, ಇಷ್ಟ ಲಗೂನ ಸಕ್ರಿ ಹಂಚಬ್ಯಾಡ. ಅವರಿನ್ನೂ ಬಾಯಿ ಬಿಟ್ಟು ಏನೂ ಅಂದಿಲ್ಲ."

"ಬಾಯಿಲೆ ಅನಬೇಕೇನವ್ವಾ? ಮೈಮ್ಯಾಲೆ ಹಾಕ್ಯಾರ" ಅಂದ ದುಂಡಪ್ಪ.

ಅವಳಮ್ಮನನ್ನು ಮಣ್ಣು ಮಾಡಿದ ದಿನದಿಂದ ಈ ಮನುಷ್ಯ ಹೀಗೆ ನಕ್ಕಿರಲಿಲ್ಲ. ಅವಳು ನನ್ನನ್ನು ಕೈಗೆ ತೆಗೆದುಕೊಂಡು, ಬ್ಲೇಡಿನಿಂದ ನಂಬರಿನ ಚೀಟಿಯನ್ನು ಬಿಡಿಸಿ ಒಲೆಗೆ ಹಾಕಿ, ಮತ್ತೆ ಅಪ್ಪನಿಗೆ ತೊಡಿಸಿ ಕಳಿಸಿದಳು. ಊರವರ ಕಣ್ಣಿಗೆ ಅದು ಬೀಳದಿರಲಿ ಎಂದಷ್ಟೇ ಅವಳ ಆಸೆ. ಗಿರಣಿಗೆ ಜೋಳ ತಂದವರಿಗೆ, ಗೋಧಿ ತಂದವರಿಗೆ, ದಾರಿಯಲ್ಲಿ ಹೋಗುವವರಿಗೆ ದುಂಡಪ್ಪ ಕೂಗಿ ಕರೆದು ಸಕ್ಕರೆ ಹಂಚಿದ. ಎಲ್ಲರೂ ನನ್ನನ್ನು ಮುಟ್ಟಿ ನೋಡಿದರು. ನನ್ನ ಮೈತುಂಬ ಹಿಟ್ಟಿನ ಬೆರಳಚ್ಚುಗಳಾದವು.

ಆ ವಾರದಲ್ಲೇ ಬಸಲಿಂಗಯ್ಯನವರು ಗಿರಣಿಯ ಬಾಗಿಲಿಗೆ ಬಂದು ನಿಂತರು. ದುಂಡಪ್ಪ ಮಾತು ಕೇಳಿಸಲೆಂದು ಗಿರಣಿ ನಿಲ್ಲಿಸಿದ. ಅಯ್ಯನವರು ಅವನ ಮುಖ ನೋಡದೆ, ಸಾಲಿನಲ್ಲಿಟ್ಟ ಬುಟ್ಟಿಗಳನ್ನು ನೋಡುತ್ತ ಹೇಳಿದರು.

"ದುಂಡಪ್ಪಾ, ಅವರು ಮಾತು ಕೊಟ್ಟಿದ್ದಿಲ್ಲ. ಆ ಕೋಟು ಹೋಟೆಲಿಂದು. ಅಂಗಿ ತೊಯ್ದಿತ್ತು ಅಂತ ಹಾಕಿದ್ರಂತ. ಹೊಳ್ಳಿ ಕೊಡೂದೇನು ಬ್ಯಾಡ, ಇಟಗೋಳ್ರಿ ಅಂತ ಹೇಳ್ಯಾರ."

ದುಂಡಪ್ಪ ತಿರುಗಿ ಹೋಗಿ ಗಿರಣಿಯ ಸ್ವಿಚ್ಚು ಒತ್ತಿದ. ಕಾಳು ಹಾಕುವುದನ್ನು ಮರೆತಿದ್ದ, ಕಲ್ಲುಗಳು ಬರಿದೇ ತಿರುಗಿದವು. ಯಾರೋ ಓಡಿಹೋಗಿ ಬಂದ್ ಮಾಡಿದರು.

ಅಲ್ಲಿಗೆ ಮುಗಿದಿದ್ದರೆ ಒಂದು ರೀತಿ. ಆದರೆ ಊರಿನ ಬಾಯಿಗೆ ಹೊಲಿಗೆ ಹಾಕಲಾದೀತೇ? ಅದು ನಿಶ್ಚಯವೇ ಆಗಿರಲಿಲ್ಲ ಎಂದರೆ ಯಾರೂ ಒಪ್ಪಲಿಲ್ಲ. ಸಕ್ಕರೆ ತಿಂದವರು ಅವರೇ, ಕೋಟು ಮುಟ್ಟಿದವರೂ ಅವರೇ. ಆಹೇರ ಮಾಡಿದ ಮೇಲೆ ಗಂಡಿನವರು ಮುರಿದುಕೊಂಡರು ಎಂದರೆ ಹುಡುಗಿಯಲ್ಲಿ ಏನೋ ಕಂಡಿರಬೇಕು ಎಂದರು. ಆಗದ ಸಂಬಂಧ ಹೀಗೆ ಮುರಿದ ಸಂಬಂಧವಾಯಿತು. ಮೊದಲು ಉಪ್ಪಿಟ್ಟು ತಿನ್ನಲಾದರೂ ಜನ ಬರುತ್ತಿದ್ದರು, ಆಮೇಲೆ ಅವರೂ ನಿಂತರು. ದುಂಡಪ್ಪನನ್ನು ಹಿಂದಿನಿಂದ ಕೋಟಿನ ದುಂಡಪ್ಪ ಎನ್ನತೊಡಗಿದರು. ಅವನು ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟ. ಅಪ್ಪ ಮಗಳು ಒಬ್ಬರನ್ನೊಬ್ಬರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೇನೋ.

ನಾನು ಈಗ ಅವರ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿದ್ದೇನೆ. ನನ್ನ ಕೆಳಗೆ ಆ ಇಳಕಲ್ ಸೀರೆ. ಆ ದಿನ ಬಿಟ್ಟರೆ ಅವಳು ಅದನ್ನು ಮತ್ತೆ ಉಡಲಿಲ್ಲ. ಇಬ್ಬರಿಗೂ ಒಂದೇ ನುಸಿಗುಳಿಗೆ. ಕಿರೀಟದ ದಾರ ಕಪ್ಪಾಗಿದೆ. ಜೇಬುಗಳನ್ನು ಇವತ್ತಿಗೂ ಯಾರೂ ಬಿಚ್ಚಿಲ್ಲ. ಕತ್ತಲಲ್ಲಿ ಕೂತು ಯೋಚಿಸುತ್ತೇನೆ. ಆ ಬಾಗಿಲಿನಲ್ಲಿ ನಾನು ಎಷ್ಟು ಜನರನ್ನು ಒಳಗೆ ದಾಟಿಸಲಿಲ್ಲ! ದುಂಡಪ್ಪನನ್ನೂ ದಾಟಿಸಿದೆ, ಗೌಡರ ಪಕ್ಕದ ಕುರ್ಚಿಯಲ್ಲಿ ಕೂರಿಸಿದೆ. ನನ್ನ ಕೈಲಾದದ್ದು ಅಷ್ಟೇ. ಅವನು ಒದ್ದೆ ಅಂಗಿಯಲ್ಲೇ ಹೊರಗೆ ಉಳಿದಿದ್ದರೆ ಆ ಸಂಜೆ ಅವಮಾನ ಆಗುತ್ತಿತ್ತು, ಬೆಳಿಗ್ಗೆಗೆ ಮರೆತುಹೋಗುತ್ತಿತ್ತು.

ಮೊನ್ನೆ ಹಳೇ ಬಟ್ಟೆಗೆ ಪಾತ್ರೆ ಕೊಡುವವಳು ಓಣಿಗೆ ಬಂದಿದ್ದಳು. ದಾನಮ್ಮ ಪೆಟ್ಟಿಗೆ ತೆರೆದು ನನ್ನನ್ನು ಹೊರಗೆ ತೆಗೆದಳು. ಅವಳ ಕಿವಿಯ ಮೇಲಿನ ಕೂದಲು ಬೆಳ್ಳಗಾಗಿದೆ. ದುಂಡಪ್ಪ ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ನನಗೆ ಒಳಗೊಳಗೇ ಆಸೆಯಾಯಿತು. ಇನ್ನಾರದೋ ಮನೆ ಸೇರಿದರೆ, ಏನೂ ಗೊತ್ತಿಲ್ಲದವರ ಮೈಮೇಲೆ ಬರಿಯ ಕೋಟಾಗಿ ಇರಬಹುದಿತ್ತು.

"ಅಪ್ಪಾ, ಈ ಕೋಟು ಕೊಟ್ಟು ಒಂದು ಡಬ್ಬಿ ತಗೊಳ್ಳಲೇನು?" ಎಂದು ಅವಳು ಕೇಳಿದಳು.

ಅವನು ತಿರುಗಲಿಲ್ಲ. ಗೋಡೆಗೇ ಹೇಳಿದ.

"ಬ್ಯಾಡವ್ವಾ. ನನ್ನ ಮೈಮ್ಯಾಲೆ ಯಾರರೆ ತಮ್ಮ ಕೈಲೆ ಹಾಕಿದ್ದು ಅದೊಂದ."

ದಾನಮ್ಮ ನನ್ನನ್ನು ಮಡಚಿ ಸೀರೆಯ ಮೇಲೆ ಇಟ್ಟು ಪೆಟ್ಟಿಗೆ ಮುಚ್ಚಿದಳು. ಪಾತ್ರೆಯವಳು ಕೂಗುತ್ತ ಮುಂದಿನ ಮನೆಗೆ ಹೋದಳು.