ಸಿಟ್ಟು ಬಂದವರು ಪಾತ್ರೆ ತೊಳೆಯಬೇಕು

ನನ್ನ ಮೊಮ್ಮಗಳಿಗೆ ಐದು ವರ್ಷ. ಅವಳನ್ನು ಮನೆಯಲ್ಲಿ ಎಲ್ಲರೂ ಗಿಣಿ ಎನ್ನುತ್ತೇವೆ. ಹೇಳಿಕೊಟ್ಟದ್ದನ್ನು ಹೇಳುತ್ತಾಳೆ ಅಂತಲ್ಲ, ಹೇಳಿಕೊಡದೇ ಇದ್ದದ್ದನ್ನೆಲ್ಲ ಹೇಳುತ್ತಾಳೆ ಅಂತ. ಎದುರುಮನೆಯ ಮೇಷ್ಟ್ರು ಸೀನುವ ಮೊದಲು ಹೇಗೆ ಆಕಾಶ ನೋಡುತ್ತಾರೆ, ಔಷಧಿ ಅಂಗಡಿಯವಳು ಚಿಲ್ಲರೆ ಕೊಡುವಾಗ ಹೇಗೆ ನಿಟ್ಟುಸಿರು ಬಿಡುತ್ತಾಳೆ, ಅವಳ ಟೀಚರ್ ಮಕ್ಕಳಿಗೆ ಬೈದ ಮೇಲೆ ಹೇಗೆ ಕನ್ನಡಿ ನೋಡಿಕೊಳ್ಳುತ್ತಾರೆ, ಎಲ್ಲವನ್ನೂ ಹಾಗೆ ಹಾಗೇ ಮಾಡಿ ತೋರಿಸುತ್ತಾಳೆ. ಒಂದು ಸಲ ನೋಡಿದರೆ ಸಾಕು.

ಇದನ್ನು ಆಟ ಮಾಡಿದವನು ನನ್ನ ಮಗ. ಅವನು ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಕತ್ತಲ ಗುಂಡಿಯಲ್ಲಿ ಗ್ರೀಸ್ ಮೆತ್ತಿಕೊಂಡು ನಿಂತು ಬರುವವನಿಗೆ ಊಟದ ಮೇಲೆ ಸ್ವಲ್ಪ ನಗು ಬೇಕು. ಗಿಣಿಯನ್ನು ಅಡುಗೆಮನೆಯ ಸ್ಟೂಲಿನ ಮೇಲೆ ನಿಲ್ಲಿಸುತ್ತಾನೆ. ಅವಳು ಯಾರನ್ನಾದರೂ ಮಾಡಿ "ಯಾರಿದು?" ಅನ್ನುತ್ತಾಳೆ, ನಾವು ಹೇಳಬೇಕು. ಮನೆಯವರನ್ನೂ ಮಾಡಬಹುದು, ಆದರೆ ಅದಕ್ಕೊಂದು ಕಾನೂನು: ಸಿಟ್ಟು ಮಾಡಿಕೊಳ್ಳುವಂತಿಲ್ಲ. ಸಿಟ್ಟು ಬಂದವರು ಅವತ್ತಿನ ಪಾತ್ರೆ ತೊಳೆಯಬೇಕು. ಕಾನೂನು ಬಹಳ ನ್ಯಾಯವಾಗಿತ್ತು. ಯಾರಿಗೂ ಸಿಟ್ಟು ಬರುತ್ತಿರಲಿಲ್ಲ, ಪಾತ್ರೆಯನ್ನು ದಿನಾ ನನ್ನ ಮಗಳೇ ತೊಳೆಯುತ್ತಿದ್ದಳು.

ನನ್ನ ಮಗಳು ಎಂದರೆ ಗಿಣಿಯ ಅತ್ತೆ. ವಯಸ್ಸು ನಲವತ್ತು ಮುಟ್ಟುತ್ತಿದೆ, ಮದುವೆಯಾಗಿಲ್ಲ. ಹಲ್ಲು ಕಟ್ಟುವ ಲ್ಯಾಬಿನಲ್ಲಿ ಮಧ್ಯಾಹ್ನದವರೆಗೆ ಕೆಲಸ. ಡಾಕ್ಟರುಗಳು ಕಳಿಸುವ ಅಚ್ಚು ನೋಡಿ ಮೇಣದಲ್ಲಿ ದವಡೆ ತಿದ್ದುತ್ತಾಳೆ. ನನ್ನ ಬಾಯಲ್ಲಿರುವುದೂ ಅವಳ ಕೈಯದ್ದೇ. ಮಧ್ಯಾಹ್ನದ ಮೇಲೆ ಮನೆಯ ಕೆಲಸ: ಗಿಣಿಯನ್ನು ಶಾಲೆಯಿಂದ ಕರೆತರುವುದು, ಅವಳ ತಮ್ಮ, ಎರಡು ವರ್ಷದ ಗುಂಡನ ಬಾಯಿಗೆ ತುತ್ತು ಹಾಕುವುದು, ಅವನು ಉಗುಳಿದ್ದನ್ನು ಒರೆಸುವುದು, ನನಗೆ ಸ್ನಾನ ಮಾಡಿಸುವುದು. ನನ್ನ ಸೊಂಟ ಕೈಕೊಟ್ಟಿದೆ. ಗೋಡೆ ಹಿಡಿದು ನಡೆಯುತ್ತೇನೆ, ಆದರೆ ಬೆನ್ನಿಗೆ ನೀರು ಹೊಯ್ದುಕೊಳ್ಳಲಾರೆ. ಸೊಸೆ ವಿಮೆ ಕಚೇರಿಯಲ್ಲಿದ್ದಾಳೆ. ಸಂಜೆ ಬಂದು ಸೋಫಾದಲ್ಲಿ ಕಾಲು ಚಾಚಿ "ನನ್ನ ನಾದಿನಿ ಬಂಗಾರ" ಎನ್ನುತ್ತಾಳೆ. ಬಂಗಾರವನ್ನು ಯಾರಾದರೂ ಹೊರಗೆ ಬಿಡುತ್ತಾರೆಯೇ?

ಎರಡು ವರ್ಷದ ಹಿಂದೆ ಫೋಟೋ ಸ್ಟುಡಿಯೋದವನೊಬ್ಬ ಮಗಳನ್ನು ಕೇಳಿಕೊಂಡು ಬಂದಿದ್ದ. ಎರಡು ಸಲ ಚಹಾ ಕುಡಿದ, ಮೂರನೆಯ ಸಲ ಬರಲಿಲ್ಲ. ರಸ್ತೆಯಲ್ಲಿ ಎದುರಾದರೆ ಆಚೆ ಬದಿಗೆ ದಾಟುತ್ತಿದ್ದ. ಮಗಳು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ನೀರು ಪೋಲಾಗುತ್ತೆ ಎಂದು ಸೊಸೆ ಹೊರಗಿನಿಂದ ಹೇಳಿದಳು.

ಈಗ ಇನ್ನೊಬ್ಬ ಸಿಕ್ಕಿದ್ದ. ಡಾಕ್ಟರುಗಳಿಂದ ಹಲ್ಲಿನ ಅಚ್ಚುಗಳನ್ನು ಸ್ಕೂಟರಿನಲ್ಲಿ ಲ್ಯಾಬಿಗೆ ತರುವವನು. ಹೆಂಡತಿ ತೀರಿಕೊಂಡು ತುಂಬ ವರ್ಷವಾಗಿದೆ, ಮಕ್ಕಳಿಲ್ಲ. ನಮ್ಮ ಮನೆಯಲ್ಲಿ ಅವನಿಗೆ 'ಹಲ್ಲಿನವನು' ಎಂದೇ ಹೆಸರು. ಮಾತಾಡುವಾಗ ಎರಡೂ ಕಣ್ಣು ಮುಚ್ಚುತ್ತಾನೆ, ವಾಕ್ಯ ಮುಗಿದ ಮೇಲೆ ತೆರೆಯುತ್ತಾನೆ. ಪ್ರತಿ ಮಾತಿಗೂ "ಹಾಗಲ್ಲ, ಅಂದ್ರೆ" ಎಂದು ಶುರು. ಗಿಣಿಗೆ ಇನ್ನೇನು ಬೇಕು? ಲ್ಯಾಬಿನ ಬಾಗಿಲಲ್ಲಿ ಒಮ್ಮೆ ನೋಡಿಬಂದವಳು ವಾರಪೂರ್ತಿ ಕಣ್ಣು ಮುಚ್ಚಿಕೊಂಡೇ ಓಡಾಡಿ ಬಾಗಿಲಿಗೆ ಹಣೆ ಗುದ್ದಿಕೊಂಡಳು. ಆದರೂ ನನ್ನ ಮಗಳು ಅವನ ಸುದ್ದಿ ಬಂದಾಗ ನಗುತ್ತಿದ್ದ ರೀತಿಯೇ ಬೇರೆ. ಭಾನುವಾರ ಅವನು ಮನೆಗೆ ಬರುವುದೆಂದಾಯಿತು.

ಗುರುವಾರ ಮಧ್ಯಾಹ್ನ ಗಿಣಿ ನನ್ನ ಮಂಚದ ಹತ್ತಿರ ಬಂದಳು.

"ಅಜ್ಜಿ, ಹೊಸದು ಬಂದಿದೆ. ಯಾರಿದು ಹೇಳು."

ಇಲ್ಲದ ಫೋನನ್ನು ಕಿವಿಗಿಟ್ಟುಕೊಂಡು, ಹೊಟ್ಟೆ ಮುಂದೆ ಮಾಡಿ, ದನಿ ತಗ್ಗಿಸಿ ಶುರು ಮಾಡಿದಳು.

"ಹೋಗ್ಲಿ ಬಿಡು ಅಂತೀಯಲ್ಲಕ್ಕಾ. ಅವಳು ಹೋದ್ರೆ ಈ ಎರಡು ಮಕ್ಕಳ ತಿಕ ತೊಳೆಯೋರು ಯಾರು? ಮುದುಕಿಗೆ ಮೈ ತಿಕ್ಕೋರು ಯಾರು, ನಾನಾ? ಥೂ! ಹೋದ ಸಲ ಆ ಫೋಟೋದವನ ಕಿವಿಗೆ ಹಾಕಿದ್ನಲ್ಲ, ಇವಳಿಗೆ ಮೂರ್ಛೆ ರೋಗ ಅಂತ, ಇವನ ಕಿವಿಗೂ ಅದೇ ಹಾಕ್ತೀನಿ. ಭಾನುವಾರ ಬರಲಿ."

ನಾನು ಎದ್ದು ಕೂತೆ. ನನ್ನ ಮಗಳಿಗೆ ಮೂರ್ಛೆಯಿರಲಿ, ಒಂದು ದಿನ ತಲೆನೋವು ಬಂದದ್ದನ್ನೂ ನಾನು ಕಂಡಿಲ್ಲ. ತಲೆನೋವಿಗೆ ಅವಳಿಗೆ ಪುರುಸೊತ್ತೆಲ್ಲಿ?

"ಎಲ್ಲಿ ನೋಡಿದೆ ಇದನ್ನ?"

"ಬೆಳಿಗ್ಗೆ ನಾನು ಕಕ್ಕಸಲ್ಲಿ ಕೂತಿದ್ದೆ. ಅಮ್ಮ ಹೊರಗೆ ಬಟ್ಟೆ ಒಣಗಿಸೋ ಜಾಗದಲ್ಲಿ ಮಾತಾಡ್ತಿದ್ಲು. ನನಗೆ ಬರ್ಲೇ ಇಲ್ಲ ಅಜ್ಜಿ, ಅದಕ್ಕೇ ಪೂರ್ತಿ ಕೇಳ್ದೆ."

ಮಗುವಿನ ಮಲಬದ್ಧತೆ ಯಾರ ಮನೆಗೂ ಇಷ್ಟು ಉಪಕಾರ ಮಾಡಿರಲಿಕ್ಕಿಲ್ಲ. ಅವತ್ತೇ ಮಗಳನ್ನು ಕೂರಿಸಿಕೊಂಡು ಹೇಳಬಹುದಿತ್ತು. ಆದರೆ ನನ್ನ ಮಗಳು ನನಗೆ ಗೊತ್ತು. ಎರಡು ದಿನ ಅತ್ತು, ಮೂರನೆಯ ದಿನ "ಹೋಗ್ಲಿ ಬಿಡಮ್ಮ, ಅತ್ತಿಗೆಗೂ ಕಷ್ಟ ಇದೆ" ಎಂದು ಗುಂಡನ ಚಡ್ಡಿ ಒಗೆಯಲು ಕೂರುವವಳು. ಮಗನಿಗೆ ಹೇಳಿದರೆ ಅವನು ಲಿಫ್ಟಿನ ಹಾಗೆ, ಯಾರು ಗುಂಡಿ ಒತ್ತಿದರೆ ಅವರ ಕಡೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು. ನಾನು ಗಿಣಿಗೆ ಎರಡು ಬಿಸ್ಕತ್ತು ಕೊಟ್ಟೆ.

"ಚೆನ್ನಾಗಿದೆ ಪುಟ್ಟಾ. ಆದ್ರೆ ಅಮ್ಮ ಫೋನಲ್ಲಿ ಮಾತಾಡುವಾಗ ಇನ್ನೊಂದು ಕೈ ಎಲ್ಲಿಡ್ತಾಳೆ?"

"ಸೊಂಟದ ಮೇಲೆ!"

"ಹಾಂ. ಅದನ್ನ ಮರೀಬೇಡ. ಭಾನುವಾರದವರೆಗೂ ಯಾರಿಗೂ ತೋರಿಸ್ಬೇಡ."

ಭಾನುವಾರ ಹಲ್ಲಿನವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಗುಂಡ ಅದಕ್ಕೆ ಕೂಡಲೇ ಜೊಲ್ಲು ಮೆತ್ತಿದ. ಮಗಳು ಚಹಾ ತಂದಳು. ಸೊಸೆ ಮುಖದ ತುಂಬ ನಗು ಹೊತ್ತು ಕೂತಿದ್ದಳು.

"ಗಿಣಿ, ಮಾಮ ಹೇಗೆ ಮಾತಾಡ್ತಾರೆ ತೋರಿಸಮ್ಮ" ಅಂದಳು.

"ಅತ್ತಿಗೆ, ಬೇಡ" ಎಂದಳು ನನ್ನ ಮಗಳು. ಮುಖದಲ್ಲಿ ರಕ್ತವಿರಲಿಲ್ಲ.

ಗಿಣಿ ಆಗಲೇ ಸ್ಟೂಲು ಹತ್ತಿದ್ದಳು. ಕಣ್ಣು ಬಿಗಿಯಾಗಿ ಮುಚ್ಚಿ, "ಹಾಗಲ್ಲ, ಅಂದ್ರೆ, ಚಹಾಕ್ಕೆ ಸಕ್ಕರೆ ಬೇಡ" ಎನ್ನುತ್ತ ಗಾಳಿಯಲ್ಲಿ ಲೋಟ ತಡಕಾಡಿ, ಸಿಗದೆ, ತನ್ನ ಕಿವಿಯನ್ನೇ ಹಿಡಿದುಕೊಂಡು ಕುಡಿದಳು. ನನ್ನ ಮಗ ಗೊಳ್ಳೆಂದ. ಹಲ್ಲಿನವನೂ ನಗತೊಡಗಿದ, ಕಣ್ಣು ಮುಚ್ಚಿಕೊಂಡೇ. ನಗುತ್ತಾ ಲೋಟ ತಡಕಾಡಿ ನಿಜವಾಗಿಯೂ ಚಹಾ ಚೆಲ್ಲಿದ.

"ಹಾಗಲ್ಲ, ಅಂದ್ರೆ, ನನಗೆ ಗೊತ್ತೇ ಇರ್ಲಿಲ್ಲ ನಾನು ಹೀಗೆ ಅಂತ!"

ನನ್ನ ಮಗಳ ಉಸಿರು ವಾಪಸು ಬಂತು. ಸೊಸೆ ಇಂಗು ತಿಂದ ಮಂಗನ ಹಾಗಾದಳು. ಆದರೆ ಅವಳ ಚೀಲದಲ್ಲಿ ಇನ್ನೊಂದಿತ್ತಲ್ಲ. ದನಿಗೆ ಬೆಣ್ಣೆ ಸವರಿಕೊಂಡು, "ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕಿತ್ತು, ಮುಚ್ಚಿಡಬಾರದು ನೋಡಿ. ಸ್ವಲ್ಪ ಹೊರಗೆ ಬರ್ತೀರಾ?" ಎಂದು ಎದ್ದಳು.

"ಕೂತ್ಕೊಳಮ್ಮ" ಎಂದೆ ನಾನು. "ಗಿಣಿ, ಇನ್ನೊಂದು ಉಳೀತಲ್ಲ. ಫೋನಿಂದು."

ಗಿಣಿ ಆವತ್ತು ಮಾಡಿದ ಹಾಗೆ ಯಾವತ್ತೂ ಮಾಡಿರಲಿಲ್ಲ. ಸೊಂಟದ ಮೇಲಿನ ಕೈ, ತಗ್ಗಿದ ದನಿ, "ಥೂ" ಅನ್ನುವಾಗ ಸೊಟ್ಟಗಾಗುವ ಬಾಯಿ. ಮೊದಲ ಎರಡು ಮಾತಿಗೆ ನನ್ನ ಮಗ ತೊಡೆ ತಟ್ಟಿ "ಇವಳೇ, ಇವಳೇ!" ಎಂದು ಹೆಂಡತಿಯ ಕಡೆ ಬೆರಳು ತೋರಿಸಿ ನಕ್ಕ. ಫೋಟೋದವನ ಮಾತು ಬಂದಾಗ ಬೆರಳು ಹಾಗೇ ನಿಂತಿತು. ಗಿಣಿ "ಭಾನುವಾರ ಬರಲಿ" ಎಂದು ಮುಗಿಸಿ, ಮಂಡಿ ಬಗ್ಗಿಸಿ ವಂದಿಸಿ, "ಯಾರಿದು?" ಎಂದಳು.

"ಅಮ್ಮ!" ಎಂದು ಅವಳೇ ಹೇಳಿದಳು. "ಅಮ್ಮಾ, ಸಿಟ್ಟು ಬಂತಾ? ಸಿಟ್ಟು ಬಂದ್ರೆ ಪಾತ್ರೆ!"

ನನ್ನ ಮಗಳು ಚಹಾದ ಲೋಟಗಳನ್ನು ಎತ್ತಿಕೊಂಡು ಸಿಂಕಿನ ಕಡೆ ಹೊರಟಳು. ರೂಢಿ ಅದು. ಹಲ್ಲಿನವನು ಎದ್ದು ಹೋಗಿ ಅವಳ ಕೈಯಿಂದ ಲೋಟಗಳನ್ನು ತೆಗೆದುಕೊಂಡ.

"ಹಾಗಲ್ಲ, ಅಂದ್ರೆ" ಎಂದ. ಈ ಸಲ ಕಣ್ಣು ತೆರೆದೇ ಇತ್ತು. "ನನಗೆ ಸಿಟ್ಟು ಬಂದಿದೆ."

ಅಷ್ಟೂ ಲೋಟಗಳನ್ನು ಅವನೇ ತೊಳೆದು ಬೋರಲು ಹಾಕಿದ. ನನ್ನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ಅದೇ ತಿಂಗಳು ಮಗಳು ಮದುವೆಯಾಗಿ ಅವನ ಜೊತೆ ಹೋದಳು. ಹೊರಡುವ ಮುಂಚೆ ನನ್ನ ತಲೆ ಬಾಚುತ್ತ ಕೇಳಿದಳು, "ಅಮ್ಮಾ, ನಿನಗೆ ಮೊದಲೇ ಗೊತ್ತಿತ್ತು. ನನಗೊಬ್ಬಳಿಗೇ ಹೇಳಬಹುದಿತ್ತಲ್ಲ. ಆ ಮಗೂನ ಯಾಕೆ ಮುಂದೆ ಮಾಡಿದೆ?"

"ಹೇಳಿದ್ರೆ ನೀನು ಅವಳನ್ನ ಕ್ಷಮಿಸಿ ಇಲ್ಲೇ ಉಳಿದುಬಿಡ್ತಿದ್ದೆ."

"ಇನ್ಮೇಲೆ ನಿನ್ನ ಗತಿ?"

"ನನ್ನ ಗತಿ ನನಗೆ ಬಿಡು. ನೀನು ಹಿಂದೆ ತಿರುಗಿ ನೋಡಬೇಡ" ಎಂದೆ. ಅವಳು ಹೇಳಿದ ಮಾತು ಕೇಳುವವಳು. ಇಬ್ಬರೂ ಲ್ಯಾಬು ಬಿಟ್ಟು ಅವನ ಹುಟ್ಟೂರಿಗೆ ಹೋಗಿ ನೆಲೆಸಿದರು, ಅದು ದೂರ, ಫೋನು ಬರುತ್ತದೆ, ಅವಳು ಬರುವುದಿಲ್ಲ.

ಆಮೇಲಿನದು ಕೇಳಬೇಡಿ. ಗುಂಡ ಅಮ್ಮನ ಕೈತುತ್ತನ್ನು ಅಮ್ಮನ ಮುಖಕ್ಕೇ ಉಗುಳುತ್ತಿದ್ದ. "ಅತ್ತೆ ಬೇಕು" ಎಂದು ಚೀರುತ್ತಿದ್ದ. ಕೊನೆಗೆ ಗಿಣಿಯೇ ಸ್ಟೂಲು ಹತ್ತಿ ಅತ್ತೆಯ ದನಿ ತೆಗೆದರೆ ಬಾಯಿ ತೆರೆಯುತ್ತಿದ್ದ. ಕಚೇರಿಯಿಂದ ಬಂದ ಸೊಸೆ, ಐದು ವರ್ಷದ ಮಗಳಿಂದ "ಹಾಗಲ್ಲಮ್ಮ, ಅತ್ತೆ ಮೆತ್ತಗೆ ಅಂತಿದ್ಲು" ಎಂದು ಬೈಸಿಕೊಂಡು, ನಾದಿನಿಯ ದನಿಯಲ್ಲಿ "ಬಾ ಗುಂಡಣ್ಣ" ಎಂದು ಕಲಿಯಬೇಕಾಯಿತು. ನಾನು ಮಂಚದ ಮೇಲೆ ಕೂತು ಅದನ್ನು ನೋಡಿ ನಗುತ್ತಿದ್ದೆ. ನನಗೆ ಸ್ನಾನ ಮಾತ್ರ ವಾರಕ್ಕೊಂದು ಸಲವಾಯಿತು. ನೀರು ಒಂದೋ ಕುದಿಯುತ್ತಿತ್ತು, ಇಲ್ಲ ತಣ್ಣಗಿರುತ್ತಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ಆಟ ನಿಂತೇಹೋಗಿತ್ತು. ಮೊನ್ನೆ ಊಟವಾದ ಮೇಲೆ ಸೊಸೆಯೇ, "ಗಿಣಿ, ಹೊಸದು ಕಲಿತಿದೀಯಲ್ಲ, ತೋರಿಸು" ಎಂದಳು.

ಗಿಣಿ ಸ್ಟೂಲು ಹತ್ತಲಿಲ್ಲ. ನೆಲದ ಮೇಲೆ ಅಂಗಾತ ಮಲಗಿದಳು. ಹಲ್ಲು ತೆಗೆದಿಟ್ಟಾಗ ನನ್ನ ಬಾಯಿ ಆಗುತ್ತದಲ್ಲ, ಹಾಗೆ ತುಟಿ ಒಳಗೆಳೆದುಕೊಂಡು ಒಂದು ಕೈ ಮೇಲೆತ್ತಿದಳು. "ಮಗಳೇ... ನೀರು... ಮಗಳೇ..." ಆಮೇಲೆ ಧಡಕ್ಕನೆ ಎದ್ದು ಸೊಂಟದ ಮೇಲೆ ಕೈಯಿಟ್ಟು, "ಯಾರನ್ನ ಕರೀತಿದೀರಾ ಅತ್ತೆ? ನೀವೇ ಅಲ್ವಾ ಕಳಿಸಿದ್ದು?" ಎಂದಳು. ಮತ್ತೆ ಮಲಗಿ, "ನೀರು" ಎಂದು, ಕತ್ತು ಒಂದು ಕಡೆ ಹಾಕಿ ನಾಲಿಗೆ ಹೊರಚಾಚಿದಳು.

"ಯಾರಿದು? ಅಜ್ಜಿ ಸಾಯೋದು! ಅಮ್ಮ ಹೇಳ್ಕೊಟ್ಲು!"

ಗುಂಡ ಚಪ್ಪಾಳೆ ತಟ್ಟಿದ. ಮಗ ತನ್ನ ಉಗುರಿನ ಗ್ರೀಸ್ ನೋಡಿಕೊಳ್ಳತೊಡಗಿದ. ಸೊಸೆ ನನ್ನನ್ನೇ ನೋಡುತ್ತಿದ್ದಳು.

"ಏನತ್ತೆ, ಸಿಟ್ಟು ಬಂತಾ? ಮಗು ಅದು."

ನಾನು ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ. ಆಸ್ಪತ್ರೆಯ ವಾರ್ಡಿನಲ್ಲಿ ಆಯಾ ಆಗಿ ಕೂದಲು ಬೆಳ್ಳಗಾದವಳು ನಾನು, ಸಾಯುವುದನ್ನು ಇವಳು ನನಗೆ ತೋರಿಸಬೇಕೇ?

"ಚೆನ್ನಾಗಿ ಮಾಡ್ದೆ ಪುಟ್ಟಾ. ಆದ್ರೆ ನಾಲಿಗೆ ಹೊರಗೆ ಬರಲ್ಲ. ಬಾಯಿ ಸ್ವಲ್ಪ ತೆರೆದಿರುತ್ತೆ, ಕಣ್ಣೂ ಅರ್ಧ ತೆರೆದೇ ಇರುತ್ತೆ. ಆಮೇಲೆ ಹತ್ತಿರದವರು ಬಂದು ಕಣ್ಣು ಮುಚ್ಚಬೇಕು."

ಗಿಣಿ ಜಾಣೆ, ಹೇಳಿದ ಹಾಗೇ ಮಾಡಿದಳು. ಅರ್ಧ ಕಣ್ಣು ತೆರೆದು, ಅಲುಗಾಡದೆ, ಉಸಿರು ಬಿಗಿಹಿಡಿದು ಮಲಗಿದಳು. ನಾವೆಲ್ಲ ನೋಡುತ್ತ ಕೂತೆವು. ಯಾರೂ ಏಳಲಿಲ್ಲ. ಕೊನೆಗೆ ಅವಳು ತುಟಿ ಅಲ್ಲಾಡಿಸದೆಯೇ ಕೇಳಿದಳು.

"ಅಜ್ಜಿ, ಯಾರು ಬಂದು ಮುಚ್ಚೋದು?"

ನಾನು ಗೋಡೆ ಹಿಡಿದುಕೊಂಡು ಎದ್ದೆ. ಸಿಂಕಿನ ಹತ್ತಿರ ಹೋಗಿ ನಲ್ಲಿ ತಿರುಗಿಸಿ, ಮೊದಲನೆಯ ತಟ್ಟೆ ಕೈಗೆ ತೆಗೆದುಕೊಂಡೆ.