ಕೆಂಪು ಬಟ್ಟೆ ಕಟ್ಟಿದ ಬಸ್ ಸ್ಟಾಪು

ಮಲ್ಲಪ್ಪನ ಕೈತೂಕದ ಮುಂದೆ ಕೂನೂರಿನ ಟೀ ಫ್ಯಾಕ್ಟರಿಗಳ ತಕ್ಕಡಿಗಳೆಲ್ಲ ನಾಚಿ ನೀರಾಗುತ್ತಿದ್ದವು. ಎಲೆ ತುಂಬಿದ ಚೀಲವನ್ನು ಎಡಗೈಯ ಕಿರುಬೆರಳಲ್ಲಿ ಎತ್ತಿ, "ಇಪ್ಪತ್ತೇಳು ಕಿಲೋ, ಅದರಲ್ಲಿ ಇಬ್ಬನಿ ಎರಡು" ಎಂದನೆಂದರೆ ಮುಗಿಯಿತು, ತಕ್ಕಡಿಗೆ ತನ್ನ ಮುಳ್ಳಿನ ಮೇಲೇ ಅನುಮಾನ ಬರುತ್ತಿತ್ತು. ಅಂಥ ಮನುಷ್ಯ ಅಂಗಿಗುಂಡಿಯಷ್ಟಿದ್ದ ಕಾಗದದ ಚುಕ್ಕೆಯ ಮುಂದೆ ಸೋತ ದಿನ ನೀಲಗಿರಿಯ ಬೆಟ್ಟಗಳು ನಕ್ಕು ನಕ್ಕು ಒಂದಿಂಚು ಕುಗ್ಗಿದವು. ಬೇಕಿದ್ದರೆ ಅಳೆದು ನೋಡಿ.

ಊಟಿಯ ಪೇಟೆಯಲ್ಲಿ ಹೊಗೆ, ಹಾರ್ನು, ಕಾರು ಹೆಚ್ಚಾದವು. ಬೀದಿಗಳನ್ನು ಹೇಗೆ ಬದಲಿಸೋಣ, ಬಂದು ಹೇಳಿ ಎಂದು ನಗರಸಭೆಯವರು ಜನರ ಸಭೆ ಕರೆದಿದ್ದರು. ಮಾರ್ಕೆಟ್ ಗೇಟಿನ ಎದುರಿನ ಬಸ್ ಸ್ಟಾಪನ್ನು ತೆಗೆಯುವ ಮಾತೂ ಇತ್ತು. ಮಲ್ಲಪ್ಪನ ಹೆಂಡತಿ ನಂಜಿ ವಾರಕ್ಕೆ ಮೂರು ದಿನ ಕ್ಯಾರೆಟ್ ಮೂಟೆಯೊಡನೆ ಇಳಿಯುತ್ತಿದ್ದುದು ಅಲ್ಲೇ. ಅವಳ ಮೊಣಕಾಲಿನ ಕಟಕಟ ಸದ್ದಿಗೆ ನಡುವಟ್ಟಂನ ಕಾಡೆಮ್ಮೆಗಳು ಬೆಚ್ಚಿ ಓಡುತ್ತಿದ್ದವು. ಸ್ಟಾಪು ಹೋದರೆ ಕೆಳಗಿನ ಸ್ಟ್ಯಾಂಡಿನಲ್ಲಿ ಇಳಿದು ಮೂಟೆ ಹೊತ್ತು ಏರು ಹತ್ತಬೇಕು. ಆ ಕಾಲಿಗೆ ಅದು ಆಗದ ಮಾತು.

"ಭವ್ಯಾಳ ಅಪ್ಪಾ, ಸ್ಟಾಪು ಹೋದ್ರೆ ನನ್ನ ವ್ಯಾಪಾರ ಮುಗೀತು. ಮನೇಲಿ ಕೂತು ಮೂರು ಹೊತ್ತೂ ನಿನ್ನ ಬಡಾಯಿ ಕೇಳಬೇಕು," ಎಂದಳು ನಂಜಿ.

ಮಲ್ಲಪ್ಪ ಮರುದಿನವೇ ಹಟ್ಟಿಯ ನಲವತ್ತು ಜನರನ್ನು ಒಂದು ಮಿನಿ ಬಸ್ಸಿಗೆ ತುಂಬಿ ಸಭೆಗೆ ತಂದ. ಅರ್ಧ ಜನ ಉಳಿದರ್ಧದ ಮಡಿಲಲ್ಲಿ ಕೂತು ಬಂದರು.

ಸಭೆಯಲ್ಲಿ ಗದ್ದೆಯಷ್ಟು ಅಗಲದ ಪೇಟೆಯ ನಕ್ಷೆ ಹಾಸಿತ್ತು. ಇಂಜಿನಿಯರ್ ಹೇಮಾ ಮೈಕು ಹಿಡಿದು, ಕೆಂಪು ಚುಕ್ಕೆ ಎಲ್ಲಿ ಅಂಟಿಸಬೇಕು, ಹಸಿರು ಎಲ್ಲಿ ಎಂದು ವಿವರಿಸತೊಡಗಿದಳು. ಸರಿಯಾಗಿ ಆಗಲೇ ಬಿಸಿ ಟೀ, ಗರಿಗರಿ ವರ್ಕಿ ಬಿಸ್ಕತ್ತು ಬಂದವು. ಇಡೀ ಹಟ್ಟಿ ಆ ಕಡೆ ನುಗ್ಗಿತು, ಮಲ್ಲಪ್ಪ ಎಲ್ಲರಿಗಿಂತ ಮುಂದೆ.

ಮೀಸೆಯಲ್ಲಿ ವರ್ಕಿಯ ಪುಡಿ ಹೊತ್ತು ಅವನು ಮರಳಿದಾಗ ಪಕ್ಕದ ಮನೆಯ ಅಮ್ಮಣಿ ಕೇಳಿದಳು, "ಮಲ್ಲಣ್ಣಾ, ಯಾವ ಬಣ್ಣ ಯಾವುದಕ್ಕೆ?"

ಮಲ್ಲಪ್ಪ ನಲವತ್ತು ವರ್ಷ ಎಲೆ ತೂಗುವ ಶೆಡ್ಡಿನಲ್ಲಿದ್ದವನು. ಅಲ್ಲಿ ತೂಕವಾದ ಚೀಲದ ಬಾಯಿಗೆ ಕೆಂಪು ಬಟ್ಟೆ ಕಟ್ಟುತ್ತಾರೆ. ಕಟ್ಟಿದ ಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ.

"ಇದೂ ಕೇಳಬೇಕಾ? ಕೆಂಪು ಅಂದ್ರೆ ಮುಟ್ಟಬಾರದು. ಹಸಿರು ಅಂದ್ರೆ ಎಲೆ. ಎಲೆ ಕಂಡ್ರೆ ಏನು ಮಾಡ್ತೆ?"

"ಕೀಳ್ತೆ."

"ಅಷ್ಟೇ ಲೆಕ್ಕ!"

ಬಸ್ ಸ್ಟಾಪಿಗೆ ಸಿಡುಬು ಎದ್ದಂತೆ ನಲವತ್ತು ಕೆಂಪು ಚುಕ್ಕೆ ಬಿದ್ದವು. ಬೀದಿಯನ್ನೆಲ್ಲ ನುಂಗಿದ್ದ ಕಾರ್ ಪಾರ್ಕಿಂಗಿನ ಮೇಲೆ ಹಸಿರು ಚಿಗುರಿತು.

ಹೇಮಾ ಎಣಿಸಿ ಹೇಳಿದಳು: "ಜನರಿಗೆ ಕಾರ್ ಪಾರ್ಕಿಂಗ್ ಬೇಕೇ ಬೇಕು. ಬಸ್ ಸ್ಟಾಪ್ ಬೇಡವೇ ಬೇಡ. ಸೋಮವಾರ ತೆಗೆಸುತ್ತೇವೆ."

ಹಟ್ಟಿಯವರು ಚಪ್ಪಾಳೆ ಶುರುಮಾಡಿ ನಡುವೆ ನಿಲ್ಲಿಸಿದರು. ನಂಜಿ ಗಂಡನನ್ನು ನೋಡಿದಳು. ಆ ನೋಟಕ್ಕೆ ಟೀ ತಣ್ಣಗಾಯಿತು.

"ಮೇಡಂ, ಎಂಗ ಶೆಡ್ಡಿನ ಕೆಂಪೇ ಬೇರೆ," ಎಂದ ಮಲ್ಲಪ್ಪ. "ಸ್ಟಾಪು ಬೇಕೂಂತ ಹಚ್ಚಿದ್ದು."

"ಬೇಕಿದ್ದರೆ ಹಸಿರು ಹಚ್ಚಬೇಕಿತ್ತಲ್ಲ ಅಯ್ಯಾ?"

"ಹಸಿರು ಹಚ್ಚಿದ್ರೆ ಕಿತ್ತುಬಿಡ್ತೀರಲ್ಲ!"

"ಹಾಗಾದರೆ ಪಾರ್ಕಿಂಗ್?"

"ಅದ ಕೀಳಿ!"

ಹೇಮಾ ಕನ್ನಡಕ ತೆಗೆದು ಒರೆಸಿ, ನಕ್ಷೆಯನ್ನು ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ ನೋಡಿದಳು. ಮಲ್ಲಪ್ಪ ಚುಕ್ಕೆ ಕೀಳಲು ಹೋದ. ಕಾಗದವೇ ಹರಿದು ಸ್ಟಾಪಿದ್ದ ಜಾಗದಲ್ಲಿ ತೂತು ಬಿತ್ತು. "ಬರೆದುಕೊಡಿ, ನೋಡೋಣ," ಎಂದಳು ಅವಳು. ಮಲ್ಲಪ್ಪ ಬರೆದುಕೊಟ್ಟ. ಸೋಮವಾರದವರೆಗೆ ಉತ್ತರವಿಲ್ಲ.

ಸೋಮವಾರ ಮೊದಲ ಬಸ್ಸಿಗೇ ಬಂದ ಮಲ್ಲಪ್ಪ, ಶೆಡ್ಡಿನಿಂದ ತಂದ ಕೆಂಪು ಬಟ್ಟೆಯನ್ನು ಸ್ಟಾಪಿನ ಕಂಬಕ್ಕೆ ಬಿಗಿದು ಕಾವಲು ನಿಂತ. ಹಾರೆ ಹೊತ್ತು ಬಂದ ಕೂಲಿಯಾಳು ಸರವಣ ಹಿಂದೆ ಅದೇ ಶೆಡ್ಡಿನಲ್ಲಿ ಚೀಲ ಹೊತ್ತವನು. ಬಟ್ಟೆ ಕಂಡವನೇ ಹಾರೆ ಇಳಿಸಿದ.

"ತೂಕ ಆಯ್ತಾ ಮಾವಾ?"

"ಆಯ್ತು," ಎಂದ ಮಲ್ಲಪ್ಪ, ಎದೆ ಊಟಿ ಕೆರೆಯಷ್ಟು ಅಗಲ ಮಾಡಿಕೊಂಡು.

ಸರವಣ ಫೋನು ಹಚ್ಚಿದ. "ಮೇಡಂ, ಇಲ್ಲಿ ಕೆಂಪು ಇದೆ."

"ಕೆಂಪಿದ್ದರೆ ತೆಗೆಯಪ್ಪಾ."

"ಕೆಂಪಿದ್ರೆ ಹೇಗೆ ತೆಗೆಯೋದು ಮೇಡಂ?"

ಫೋನಿನ ಆ ಕಡೆ ಒಂದು ಬಸ್ಸು ಗೂಡಲೂರಿಗೆ ಹೋಗಿ ಬರುವಷ್ಟು ಹೊತ್ತು ತೂತು ಬಿದ್ದ ನಕ್ಷೆ ಮಗುಚುವ ಪರಪರ ಸದ್ದು. ಆಮೇಲೆ ಹೇಮಾ, "ಯಾರೂ ಏನೂ ಮುಟ್ಟಬೇಡಿ. ಆ ಅಯ್ಯನ ಕಾಗದ ಹಿಡಿದು ನಾನೇ ಬರ್ತೀನಿ," ಎಂದಳು.

ಅಷ್ಟರಲ್ಲಿ ನಂಜಿಯಿದ್ದ ಬಸ್ಸು ಬಂತು. ಇವತ್ತಿನಿಂದ ಇಲ್ಲಿ ನಿಲ್ಲಿಸಬೇಡ ಎಂದು ಡ್ರೈವರ್ ಗಿರಿಧರನ್‌ಗೆ ಹೇಳಿದ್ದರು. ಆದರೆ ಕಂಬದ ಮೇಲೆ ಕೆಂಪು ಹಾರಾಡುವುದನ್ನು ಕಂಡ ಅವನ ಕಾಲು ತಾನಾಗಿಯೇ ಬ್ರೇಕು ಒತ್ತಿತು. ನಂಜಿ ಮೂಟೆಯೊಡನೆ ಗೇಟಿನೆದುರೇ ಇಳಿದಳು.

"ಸ್ಟಾಪು ಇದೆಯಾ, ಇಲ್ಲವಾ?" ಎಂದಳು.

ಗಿರಿಧರನ್ ಸರವಣನನ್ನು ನೋಡಿದ. ಸರವಣ ಮಲ್ಲಪ್ಪನನ್ನು ನೋಡಿದ. ಮಲ್ಲಪ್ಪನಿಗೆ ಗೊತ್ತಿದ್ದರೆ ತಾನೇ? ಅವನು ಮೂಟೆಯನ್ನು ಕಿರುಬೆರಳಲ್ಲಿ ಎತ್ತಲು ಹೋಗಿ, ಎರಡೂ ಕೈ ಹಚ್ಚಿ, "ಮೂವತ್ತೊಂದು ಕಿಲೋ!" ಎಂದ.

"ಇಪ್ಪತ್ತೆರಡು," ಎಂದಳು ನಂಜಿ. ಅವನಿಂದ ಮೂಟೆ ಕಿತ್ತುಕೊಂಡು ನಾಲ್ಕೇ ಹೆಜ್ಜೆಯಲ್ಲಿ ಮಾರ್ಕೆಟ್ಟಿನೊಳಗೆ ಹೋದಳು.